ಸ್ಕ್ರೀನ್ ಮೇಲೆ ಕಂಡ ಹೆಸರು ನಾನೇ ಟೈಪ್ ಮಾಡಿದ್ದು

ನಿಮ್ಮ ಪ್ರಶ್ನೆ ಓದಿ ಕೈಯಲ್ಲಿದ್ದ ಕೆಲಸ ಬಿಟ್ಟು ಬರೆಯಲು ಕೂತಿದ್ದೇನೆ. ಗ್ರಾನೈಟ್ ಕೊಡುವವರು ವಾಟ್ಸಾಪ್‌ನಲ್ಲಿ ಹೊಸ ಅಕೌಂಟ್ ನಂಬರ್ ಕಳಿಸಿದ್ದಾರೆ, 4 ಲಕ್ಷ ಹಾಕಬೇಕು, ಮೊದಲು ಒಂದು ರೂಪಾಯಿ ಹಾಕಿ ನೋಡಿದರೆ ಸಾಕಾ, ಇಲ್ಲ ಹೆಸರು ಸರಿಯಾಗಿ ತೋರಿಸುವ ಆಪ್ ಯಾವುದಾದರೂ ಇದೆಯಾ ಅಂತ ಕೇಳಿದ್ದೀರಿ. ಆಪ್ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ನಮ್ಮ ಮನೆಯಲ್ಲಿ ಆಗಿದ್ದನ್ನು ಕೇಳಿ.

ದಾವಣಗೆರೆಯಲ್ಲಿ ನಮ್ಮದು ಟೈಲ್ಸ್ ಅಂಗಡಿ. ಮಾವನವರು ಶುರು ಮಾಡಿದ್ದು. ಈಗ ವ್ಯಾಪಾರ ಯಜಮಾನರದು, ಲೆಕ್ಕ ಮತ್ತು ಬ್ಯಾಂಕ್ ಕೆಲಸ ನನ್ನದು. ಮಾಲು ಗುಜರಾತಿನ ಮೋರ್ಬಿಯಿಂದ ಬರುತ್ತದೆ. ಅಲ್ಲಿನ ಒಬ್ಬ ಸೇಠ್ ಜೊತೆ ನಮ್ಮದು ಒಂಬತ್ತು ವರ್ಷದ ವ್ಯವಹಾರ. ಆರ್ಡರ್ ಹೇಳುವುದು ಫೋನಿನಲ್ಲಿ, ಬಿಲ್ ಬರುವುದು ಮೇಲ್‌ನಲ್ಲಿ, ದುಡ್ಡು ಹೋಗುವುದು ಆರ್‌ಟಿಜಿಎಸ್‌ನಲ್ಲಿ, ಅಂದರೆ ದೊಡ್ಡ ಮೊತ್ತವನ್ನು ಬ್ಯಾಂಕಿನಿಂದ ಬ್ಯಾಂಕಿಗೆ ನೇರ ಕಳಿಸುವ ದಾರಿಯಲ್ಲಿ.

2023ರ ಜೂನ್ ತಿಂಗಳು, ಎರಡನೇ ಶನಿವಾರ. ಬೆಳಗ್ಗೆ ಮೇಲ್ ಬಂತು. ನಮ್ಮ ಆರ್ಡರ್‌ನ ಬಿಲ್ಲೇ. ಬಾಕ್ಸ್ ಎಷ್ಟು, ಯಾವ ಸೈಜ್, ಯಾವ ಡಿಸೈನ್ ನಂಬರ್, ಎಲ್ಲ ನಾವು ಹೇಳಿದ್ದೇ ಇತ್ತು. ಒಟ್ಟು 3,84,500 ರೂಪಾಯಿ. ಜೊತೆಗೆ ಅವರ ಲೆಟರ್‌ಹೆಡ್‌ನಲ್ಲಿ ಒಂದು ಪತ್ರ. ಆಡಿಟ್ ನಡೆಯುತ್ತಿದೆ, ಹಳೇ ಕರೆಂಟ್ ಅಕೌಂಟ್‌ಗೆ ಸದ್ಯಕ್ಕೆ ಹಾಕಬೇಡಿ, ಇನ್ನು ಮುಂದೆ ಈ ಅಕೌಂಟ್‌ಗೆ ಹಾಕಿ, ಏನಾದರೂ ಅನುಮಾನ ಇದ್ದರೆ ಈ ನಂಬರ್‌ಗೆ ಫೋನ್ ಮಾಡಿ ಅಂತ. ಕ್ಯಾನ್ಸಲ್ ಮಾಡಿದ ಚೆಕ್ಕಿನ ಫೋಟೋ ಕೂಡ ಇತ್ತು. ಅದರ ಮೇಲೆ ಸೇಠ್ ಅವರ ಕಂಪನಿ ಹೆಸರೇ ಅಚ್ಚಾಗಿತ್ತು.

ಮಾವನವರು ಪೇಪರ್ ಓದುತ್ತಾ ಕೂತಿದ್ದರು. ಅಕೌಂಟ್ ಬದಲಾಗಿದೆಯಂತೆ ಅಂತ ನಾನು ಹೇಳಿದಾಗ ತಲೆ ಎತ್ತಿ, "ಸೇಠ್‌ಗೆ ಒಂದು ಫೋನ್ ಹಚ್ಚಿ ಕೇಳಮ್ಮ" ಅಂದರು. "ಮಾಡ್ತೀನಿ ಮಾವ" ಅಂದೆ. ಮಾಡಿದೆ ಕೂಡ. ಆದರೆ ಆ ಪತ್ರದಲ್ಲಿದ್ದ ನಂಬರ್‌ಗೆ ಮಾಡಿದೆ. ಒಬ್ಬ ಎತ್ತಿದ. ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದ. ಅಕೌಂಟ್ಸ್ ನೋಡಿಕೊಳ್ಳುವವನು ಅಂದ. ಬಿಲ್ ನಂಬರ್ ಅವನೇ ಹೇಳಿದ, ಮೊತ್ತ ಅವನೇ ಹೇಳಿದ, ಲಾರಿ ಸೋಮವಾರ ಹೊರಡುತ್ತದೆ ಅಂದ. ಸೇಠ್ ನಂಬರ್ ನನ್ನ ಮೊಬೈಲಿನಲ್ಲೇ ಇತ್ತು. ಅಕೌಂಟ್ಸ್ ವಿಷಯಕ್ಕೆ ಅವರನ್ನು ಯಾಕೆ ತೊಂದರೆ ಮಾಡುವುದು ಅನ್ನಿಸಿತು.

ಈಗ ನಾನು ಮಾಡಿದ ತಪ್ಪಿಗೆ ಬರುತ್ತೇನೆ. ಇದನ್ನು ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ, ಯಾಕೆಂದರೆ ಇವತ್ತಿಗೂ ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ನೆಟ್ ಬ್ಯಾಂಕಿಂಗ್‌ನಲ್ಲಿ ಹೊಸ ಬೆನಿಫಿಷಿಯರಿ, ಅಂದರೆ ದುಡ್ಡು ಪಡೆಯುವವರ ಅಕೌಂಟ್ ಸೇರಿಸಲು ಹೋದೆ. ಹೆಸರು ಕೇಳಿತು, ಬಿಲ್ಲಿನಲ್ಲಿದ್ದ ಹಾಗೆ ಅಕ್ಷರ ಅಕ್ಷರ ನೋಡಿಕೊಂಡು ಹಾಕಿದೆ. ಅಕೌಂಟ್ ನಂಬರ್ ಎರಡು ಸಲ ಹಾಕಿದೆ. ಬ್ರಾಂಚಿನ ಕೋಡ್ ಐಎಫ್‌ಎಸ್‌ಸಿ ಹಾಕಿದಾಗ ಬ್ಯಾಂಕ್ ಹೆಸರು, ಬ್ರಾಂಚ್ ಹೆಸರು ತಾನಾಗೇ ಬಂತು. ಒಟಿಪಿ ಹಾಕಿದೆ. ಬೆನಿಫಿಷಿಯರಿ ಸೇರಿದೆ ಅಂತ ಹಸಿರು ಟಿಕ್ ಮಾರ್ಕ್, ಅದರ ಪಕ್ಕ ಸೇಠ್ ಅವರ ಕಂಪನಿ ಹೆಸರು. ಮೊಬೈಲಿಗೂ ಅದೇ ಹೆಸರಿನ ಮೆಸೇಜು. ಬ್ಯಾಂಕೇ ನೋಡಿ ಹೌದು ಅಂತ ಹೇಳಿದೆ ಅಂದುಕೊಂಡೆ. ಆ ಹೆಸರು ಎಲ್ಲಿಂದ ಬಂತು ಅಂತ ಯೋಚನೆ ಮಾಡಲಿಲ್ಲ. ನಾನು ಟೈಪ್ ಮಾಡಿದ್ದನ್ನೇ ನನಗೆ ವಾಪಸ್ ತೋರಿಸಿದ್ದು ಅದು. ಅಲ್ಲಿ ನಾನು ಯಾವ ಹೆಸರು ಹಾಕಿದ್ದರೂ ಅದೇ ಹೆಸರು, ಅದೇ ಹಸಿರು ಟಿಕ್ ಬರುತ್ತಿತ್ತು.

ಹಾಗೆ ನಂಬಲು ಒಂದು ಕಾರಣವೂ ಇತ್ತು. ನಾವು ಚೆಕ್ ಕಾಲದಿಂದ ಬಂದವರು. ಚೆಕ್ಕಿನಲ್ಲಿ ಹೆಸರಿನ ಒಂದು ಅಕ್ಷರ ಹೆಚ್ಚುಕಡಿಮೆ ಆದರೂ ಬ್ಯಾಂಕಿನವರು ವಾಪಸ್ ಕಳಿಸುತ್ತಿದ್ದರು. ಇನಿಷಿಯಲ್ ಬಿಟ್ಟುಹೋಗಿದೆ ಅಂತ ಮಾವನವರು ಎಷ್ಟು ಸಲ ಬಿಸಿಲಲ್ಲಿ ಓಡಾಡಿದ್ದಾರೋ ಲೆಕ್ಕ ಇಲ್ಲ. ಹಾಗಾಗಿ ಹೆಸರಿಗೂ ನಂಬರಿಗೂ ತಾಳೆ ಆಗದಿದ್ದರೆ ದುಡ್ಡು ತಾನಾಗೇ ವಾಪಸ್ ಬರುತ್ತದೆ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಆರ್‌ಟಿಜಿಎಸ್‌ನಲ್ಲಿ, ಬ್ಯಾಂಕಿನಿಂದ ಬ್ಯಾಂಕಿಗೆ ಕಳಿಸುವ ಇನ್ನೊಂದು ದಾರಿಯಾದ ಎನ್‌ಇಎಫ್‌ಟಿಯಲ್ಲೂ ಹಾಗಿಲ್ಲ. 2010ರ ಅಕ್ಟೋಬರ್‌ನಲ್ಲೇ ರಿಸರ್ವ್ ಬ್ಯಾಂಕ್ ಇದನ್ನು ಸ್ಪಷ್ಟವಾಗಿ ಹೇಳಿದೆ: ದುಡ್ಡು ಜಮಾ ಮಾಡಲು ಬ್ಯಾಂಕ್ ಬರೀ ಅಕೌಂಟ್ ನಂಬರ್ ನೋಡಿದರೆ ಸಾಕು, ನಂಬರ್ ಸರಿಯಾಗಿ ಕೊಡುವ ಹೊಣೆ ಕಳಿಸುವವರದು. ಹೆಸರು ಹೊಂದದಿದ್ದರೂ ದುಡ್ಡು ಹೋಗುತ್ತದೆ, ನಿಲ್ಲುವುದಿಲ್ಲ. ಅಷ್ಟು ವರ್ಷ ಲೆಕ್ಕ ನೋಡಿದರೂ ಇದು ನನಗೆ ಗೊತ್ತಿರಲಿಲ್ಲ.

ಹೀಗಾಗಿ ನಾನು ಎಷ್ಟೆಲ್ಲ ಪರೀಕ್ಷೆ ಮಾಡಿದೆ ಅಂದುಕೊಂಡೆನೋ ಅದೆಲ್ಲ ಒಂದೇ ಮೇಲ್‌ನಿಂದ ಬಂದದ್ದು. ಹೆಸರು ಅದರಿಂದ, ಅಕೌಂಟ್ ನಂಬರ್ ಅದರಿಂದ, ಚೆಕ್ಕಿನ ಫೋಟೋ ಅದರಿಂದ, ಫೋನ್ ನಂಬರ್ ಕೂಡ ಅದರಿಂದಲೇ. ನಾಲ್ಕು ಕಡೆ ವಿಚಾರಿಸಿದೆ ಅನ್ನೋ ಧೈರ್ಯ ನನಗೆ. ನಿಜವಾಗಿ ವಿಚಾರಿಸಿದ್ದು ಒಬ್ಬನನ್ನೇ, ಅವನೇ ಕಳ್ಳ.

ಮಧ್ಯಾಹ್ನ ಊಟಕ್ಕೆ ಮುಂಚೆ ಕಳಿಸಿದೆ. ಮುಂಚೆ ಆಗಿದ್ದರೆ ಎರಡನೇ ಶನಿವಾರ ಬ್ಯಾಂಕ್ ರಜೆ, ಆರ್‌ಟಿಜಿಎಸ್ ಸೋಮವಾರವೇ ಹೋಗುತ್ತಿತ್ತು. 2020ರ ಡಿಸೆಂಬರ್ 14ರಿಂದ ಅದು ದಿನದ 24 ಗಂಟೆ, ರಜೆ ದಿನವೂ ನಡೆಯುತ್ತದೆ. ವ್ಯಾಪಾರಸ್ಥರಿಗೆ ಅನುಕೂಲವೇ, ಇಲ್ಲ ಅನ್ನೋದಿಲ್ಲ. ಆವತ್ತು ಮಾತ್ರ ಅರ್ಧ ಗಂಟೆಯೊಳಗೆ ದುಡ್ಡು ಆ ಕಡೆ ಮುಟ್ಟಿತ್ತು.

ಮಂಗಳವಾರ ಬೆಳಗ್ಗೆ ಸೇಠ್ ಫೋನ್ ಮಾಡಿ, "ಬೆಹನ್‌ಜೀ, ಪೇಮೆಂಟ್ ಯಾವಾಗ ಹಾಕ್ತೀರಿ?" ಅಂತ ಕೇಳಿದರು. ಕೂತಲ್ಲೇ ಕೈಕಾಲು ತಣ್ಣಗಾಯಿತು. ಮೇಲ್ ಮತ್ತೆ ತೆಗೆದು ಕಣ್ಣು ಹತ್ತಿರ ಇಟ್ಟು ನೋಡಿದೆ. ಅವರ ಮೇಲ್ ವಿಳಾಸದಲ್ಲಿ ಇಂಗ್ಲಿಷಿನ 'ಎಮ್' ಇರಬೇಕಾದ ಜಾಗದಲ್ಲಿ 'ಆರ್' ಮತ್ತು 'ಎನ್' ಪಕ್ಕಪಕ್ಕ ಇದ್ದವು. ಸಣ್ಣ ಅಕ್ಷರದಲ್ಲಿ ಎರಡೂ ಒಂದೇ ಥರ ಕಾಣುತ್ತವೆ. ನೀವೇ ಬರೆದು ನೋಡಿ.

ಬ್ಯಾಂಕಿಗೆ ಓಡಿದೆವು. 2010ರ ನಿಯಮ ಬಾಯಿಬಿಟ್ಟು ಹೇಳಿದವರು ಅಲ್ಲಿನ ಮ್ಯಾನೇಜರ್. ಮೂರು ದಿನದ ಒಳಗೆ ತಿಳಿಸಿದರೆ ಗ್ರಾಹಕರ ಮೇಲೆ ನಷ್ಟ ಬರಲ್ಲ ಅಂತ ಎಲ್ಲೋ ಓದಿದ್ದು ನೆನಪಿತ್ತು, ಅದನ್ನು ಹೇಳಿದೆ. ಅದು 2017ರ ನಿಯಮ, ನಿಮಗೆ ಗೊತ್ತಿಲ್ಲದೆ ಬೇರೆ ಯಾರೋ ನಿಮ್ಮ ಅಕೌಂಟಿನಿಂದ ದುಡ್ಡು ತೆಗೆದರೆ ಮಾತ್ರ, ಇದು ನೀವೇ ಒಟಿಪಿ ಹಾಕಿ ಕಳಿಸಿದ್ದಲ್ವಾ ಅಂದರು. ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಸೈಬರ್ ಮೋಸದ ದೂರಿಗೆ ಇರುವ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟೆವು. ಸೈಬರ್ ಅಪರಾಧ ನೋಡಿಕೊಳ್ಳುವ ಸಿಇಎನ್ ಪೊಲೀಸ್ ಠಾಣೆಗೂ ಹೋದೆವು. ದುಡ್ಡು ಹೋಗಿದ್ದು ಬೇರೆ ರಾಜ್ಯದ ಯಾರದೋ ಅಕೌಂಟಿಗೆ ಅಂತ ಅಲ್ಲಿ ಗೊತ್ತಾಯಿತು. ಅವನ ಹೆಸರಿಗೂ ಸೇಠ್ ಕಂಪನಿ ಹೆಸರಿಗೂ ಒಂದು ಅಕ್ಷರದ ಸಂಬಂಧ ಇರಲಿಲ್ಲ. ಅಲ್ಲಿಂದ ಅದೇ ದಿನ ಚೂರುಚೂರಾಗಿ ಬೇರೆ ಬೇರೆ ಅಕೌಂಟಿಗೆ ಹೋಗಿ, ಎಟಿಎಂನಲ್ಲಿ ತೆಗೆದಾಗಿತ್ತು. ಒಂದು ಅಕೌಂಟಿನಲ್ಲಿ 41,000 ಸಿಕ್ಕಿಕೊಂಡಿತ್ತು. ಅದನ್ನು ತಡೆಹಿಡಿದರು. ಕೋರ್ಟ್ ಆದೇಶ ಆಗಿ ಅದು ನಮ್ಮ ಕೈಗೆ ಬರಲು ಎಂಟು ತಿಂಗಳು ಹಿಡಿಯಿತು. ಉಳಿದದ್ದು ಬರಲಿಲ್ಲ. ಶನಿವಾರವೇ ಗೊತ್ತಾಗಿ ಶನಿವಾರವೇ 1930ಕ್ಕೆ ಫೋನ್ ಮಾಡಿದ್ದರೆ ಇನ್ನೂ ಜಾಸ್ತಿ ಉಳಿಯುತ್ತಿತ್ತು ಅಂತ ಅಲ್ಲಿನವರೇ ಹೇಳಿದರು.

ಸೇಠ್‌ಗೆ ಕೊಡಬೇಕಾದ್ದನ್ನು ಎರಡು ಕಂತಿನಲ್ಲಿ ಕೊಟ್ಟೆವು. ಮೊದಲ ಕಂತಿಗೆ ನನ್ನ ಬಳೆ ಅಡ ಇಟ್ಟೆವು. ಮಾವನವರು ನನಗೆ ಒಂದು ಮಾತೂ ಅನ್ನಲಿಲ್ಲ. ಫೋನ್ ಹಚ್ಚು ಅಂತ ಹೇಳಿದ್ದೆನಲ್ಲ ಅಂತಲೂ ಕೇಳಲಿಲ್ಲ. ಬೈದಿದ್ದರೆ ಇಷ್ಟು ಸಂಕಟ ಆಗುತ್ತಿರಲಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ.

ಒಂದು ರೂಪಾಯಿ ಹಾಕಿ ನೋಡುವುದು. ಇದನ್ನು ಎಲ್ಲರೂ ಹೇಳುತ್ತಾರೆ. ನನ್ನ ಪ್ರಕಾರ ಇಂಥ ಕಡೆ ಇದರಿಂದ ಏನೂ ಪ್ರಯೋಜನ ಇಲ್ಲ. ನೀವು ಒಂದು ರೂಪಾಯಿ ಹಾಕಿ, ಆ ಹೊಸ ನಂಬರ್ ಕೊಟ್ಟವರನ್ನೇ "ಬಂತಾ?" ಅಂತ ಕೇಳುತ್ತೀರಿ. ಅಕೌಂಟ್ ಕಳ್ಳನ ಕೈಯಲ್ಲಿದ್ದರೆ ಅವನಿಗೆ ಬಂದೇ ಬಂದಿರುತ್ತದೆ, ಬಂತು ಅಂತಲೇ ಹೇಳುತ್ತಾನೆ. ನಂಬರ್ ಒತ್ತುವಾಗ ಒಂದು ಅಂಕಿ ತಪ್ಪಿದೆಯಾ ಅಂತ ನೋಡಲು ಅದು ಒಳ್ಳೆಯದು. ಮೋಸ ಹಿಡಿಯಲು ಆಗಲ್ಲ.

ಇನ್ನು ಹೆಸರು ತೋರಿಸುವ ಆಪ್. ಬೇರೆ ಆಪ್ ಹುಡುಕಬೇಡಿ. ಇನ್ನೊಬ್ಬರ ಅಕೌಂಟ್ ವಿವರ ತೋರಿಸುತ್ತೇವೆ ಅನ್ನುವ ಯಾವುದೋ ಆಪ್ ಮೊಬೈಲಿಗೆ ಹಾಕಿಕೊಂಡರೆ ಅದೇ ಇನ್ನೊಂದು ಮೋಸ ಆದೀತು. ನಿಮ್ಮ ಬ್ಯಾಂಕಿನಲ್ಲೇ ಈಗ ಆ ಸೌಲಭ್ಯ ಇರಬೇಕು. ಎನ್‌ಇಎಫ್‌ಟಿ, ಆರ್‌ಟಿಜಿಎಸ್‌ಗೂ ಹೆಸರು ತೋರಿಸಬೇಕು ಅಂತ ರಿಸರ್ವ್ ಬ್ಯಾಂಕ್ 2024ರ ಡಿಸೆಂಬರ್ 30ರಂದು ಬ್ಯಾಂಕುಗಳಿಗೆ ಹೇಳಿತು, 2025ರ ಏಪ್ರಿಲ್ 1ರವರೆಗೆ ಗಡುವು ಕೊಟ್ಟಿತು. ಅಕೌಂಟ್ ನಂಬರ್ ಮತ್ತು ಐಎಫ್‌ಎಸ್‌ಸಿ ಹಾಕಿದರೆ ಆ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರು ಬರುತ್ತದೆ. ಅದು ನೀವು ಟೈಪ್ ಮಾಡಿದ ಹೆಸರಲ್ಲ, ಅದೇ ಮುಖ್ಯ. ಅದಕ್ಕೆ ದುಡ್ಡಿಲ್ಲ. ಆನ್‌ಲೈನ್ ಗೊತ್ತಿಲ್ಲದವರು ಬ್ರಾಂಚಿಗೆ ಹೋಗಿಯೂ ಕೇಳಬಹುದು. ಇದು 2023ರಲ್ಲಿ ಇದ್ದಿದ್ದರೆ ನನ್ನ ದುಡ್ಡು ಉಳಿಯುತ್ತಿತ್ತೋ ಏನೋ.

ಉಳಿಯುತ್ತಿತ್ತು ಅಂತ ಖಡಾಖಂಡಿತವಾಗಿ ಹೇಳಲಾರೆ. ಯಾಕೆಂದರೆ ಸ್ಕ್ರೀನ್ ಮೇಲೆ ಬೇರೆ ಹೆಸರು ಬಂದಿದ್ದರೆ ನಾನು ಅದೇ ನಂಬರ್‌ಗೆ ಫೋನ್ ಮಾಡಿ, "ಇಂಥವರ ಹೆಸರು ಬರ್ತಿದೆಯಲ್ಲ?" ಅಂತ ಕೇಳುತ್ತಿದ್ದೆ, ಅವನು "ಅವರು ನಮ್ಮ ಪಾರ್ಟ್‌ನರ್" ಅನ್ನುತ್ತಿದ್ದ, ನಾನು ಸರಿ ಅನ್ನುತ್ತಿದ್ದೆ. ಸಣ್ಣ ವ್ಯಾಪಾರದಲ್ಲಿ ಅಂಗಡಿಗೊಂದು ಹೆಸರು, ಅಕೌಂಟ್ ಅಣ್ಣನದೋ ಹೆಂಡತಿಯದೋ ಆಗಿರುವುದು ಎಲ್ಲರೂ ನೋಡಿದ್ದೇ. ಹಾಗಾಗಿ ಹೆಸರು ಸುಮ್ನೆ ನೋಡಿದರೆ ಸಾಲದು, ಯಾವ ಹೆಸರು ಬರಬೇಕು ಅಂತ ನಿಮಗೆ ಮೊದಲೇ ಬೇರೆ ಕಡೆಯಿಂದ ಗೊತ್ತಿರಬೇಕು. ಹಳೇ ಬಿಲ್ಲಿನಲ್ಲಿ ಅವರ ಜಿಎಸ್‌ಟಿ ನಂಬರ್ ಇರುತ್ತದಲ್ಲ, ಅದನ್ನು ಜಿಎಸ್‌ಟಿ ಪೋರ್ಟಲ್‌ನಲ್ಲಿ ಹುಡುಕಿ. ಅಂಗಡಿ ಹೆಸರೂ ಬರುತ್ತದೆ, ದಾಖಲೆಯಲ್ಲಿರುವ ಮಾಲೀಕರ ಅಥವಾ ಕಂಪನಿಯ ಹೆಸರೂ ಬರುತ್ತದೆ. ಲಾಗಿನ್ ಬೇಕಿಲ್ಲ. ಬ್ಯಾಂಕಿನಲ್ಲಿ ಬರುವ ಹೆಸರನ್ನು ಅದರ ಜೊತೆ ತಾಳೆ ಹಾಕಿ. ಫೋನಿನಲ್ಲಿ ಕೇಳುವಾಗಲೂ ನಿಮಗೆ ಕಂಡ ಹೆಸರನ್ನು ನೀವು ಓದಿ ಹೇಳಬೇಡಿ. ಅಕೌಂಟ್ ಯಾರ ಹೆಸರಲ್ಲಿದೆ, ಯಾವ ಬ್ಯಾಂಕು, ಕೊನೆಯ ನಾಲ್ಕು ಅಂಕಿ ಏನು ಅಂತ ಅವರ ಬಾಯಿಂದ ಹೇಳಿಸಿ.

ಇಷ್ಟೆಲ್ಲ ಹೇಳಿದರೂ, ನೀವು ಕೇಳಿದ ಪ್ರಶ್ನೆಯೇ ಸರಿಯಿಲ್ಲ ಅನ್ನಿಸುತ್ತದೆ ನನಗೆ. ಬೇಜಾರು ಮಾಡಿಕೊಳ್ಳಬೇಡಿ. ಈ ಅಕೌಂಟ್ ಸರಿಯಾ ಅಂತ ಹೇಗೆ ನೋಡೋದು ಅಂತ ಕೇಳಿದ್ದೀರಿ. ಮೊದಲು ಕೇಳಬೇಕಾದ್ದು, ಈ ನಂಬರ್ ನಿಜಕ್ಕೂ ಆ ಗ್ರಾನೈಟ್‌ನವರೇ ಕಳಿಸಿದ್ದಾ ಅನ್ನುವುದು. ವಾಟ್ಸಾಪ್‌ನಲ್ಲಿ ಅವರದೇ ಫೋಟೋ ಇದೆ, ಹಳೇ ಚಾಟ್ ಇದೆ ಅಂತ ಬರೆದಿದ್ದೀರಿ. ಫೋಟೋ ಯಾರು ಬೇಕಾದರೂ ಹಾಕಿಕೊಳ್ಳಬಹುದು. ಹಳೇ ಚಾಟ್ ಇದ್ದರೂ ಅವರ ವಾಟ್ಸಾಪೇ ಬೇರೆಯವರ ಕೈಗೆ ಹೋಗಿರಬಹುದು, ಈಗ ಅದು ಅಪರೂಪವೇನಲ್ಲ. ಅದಕ್ಕೇ ವಾಟ್ಸಾಪ್ ಕಾಲ್ ಬೇಡ, ಮೆಸೇಜ್ ಬೇಡ, ಮಾಮೂಲಿ ಫೋನ್ ಮಾಡಿ. ಅದೂ ಈ ಮೆಸೇಜ್ ಬರುವ ಮುಂಚೆಯೇ ನಿಮ್ಮ ಹತ್ತಿರ ಇದ್ದ ನಂಬರ್‌ಗೆ. ಅವರ ದನಿ ಕೇಳಿ ಮಾತಾಡಿ. ನಮ್ಮ ಅಂಗಡಿಯಲ್ಲಿ ಈಗ ಅಕೌಂಟ್ ಬದಲಾಗಿದೆ ಅಂತ ಯಾರು ಹೇಳಿದರೂ, ಎಷ್ಟೇ ಅರ್ಜೆಂಟ್ ಅಂದರೂ, ಸೇಠ್ ದನಿ ನಾನೂ ಕೇಳಬೇಕು, ಯಜಮಾನರೂ ಕೇಳಬೇಕು, ಆಮೇಲೇ ದುಡ್ಡು. ಹಳೇ ಅಕೌಂಟಿಗೇ ಹಾಕ್ತೀನಿ ಅಂತ ಒಂದು ಮಾತು ಹೇಳಿಯೂ ನೋಡುತ್ತೇನೆ. ನಿಜವಾದ ವ್ಯಾಪಾರಿ ಹೆಚ್ಚೆಂದರೆ ಸ್ವಲ್ಪ ಗೊಣಗುತ್ತಾನೆ. ಬೇಡವೇ ಬೇಡ, ಈಗಲೇ ಹೊಸದಕ್ಕೇ ಹಾಕಿ ಅಂತ ಅವಸರ ಮಾಡಿದರೆ ನಾನು ಅಲ್ಲಿಗೇ ನಿಲ್ಲಿಸುತ್ತೇನೆ.

ನೀವು ಇನ್ನೂ ಕಳಿಸಿಲ್ಲ, ನಾಳೆ ಸಂಜೆಯೊಳಗೆ ಹಾಕಬೇಕು ಅಂತ ಬರೆದಿದ್ದೀರಿ. ಮೊದಲ ಸಲ ಅಡ್ವಾನ್ಸ್ ಕೊಟ್ಟಾಗ ಅವರು ಕೊಟ್ಟ ರಸೀದಿ ಮನೆಯಲ್ಲಿ ಇರಬೇಕು, ಹುಡುಕಿ. ಅದರ ಮೇಲೆ ಇರುವ ನಂಬರ್‌ಗೆ ಬೆಳಗ್ಗೆಯೇ ಫೋನ್ ಮಾಡಿ. ಯಾರೂ ಎತ್ತದಿದ್ದರೆ ಅವರ ಯಾರ್ಡಿಗೇ ಹೋಗಿಬನ್ನಿ, ಒಂದು ದಿನ ತಡವಾದರೆ ಆಗಲಿ. ಏನಂದರು ಅಂತ ಇಲ್ಲೇ ಬರೆಯಿರಿ, ನಾನು ನೋಡುತ್ತಿರುತ್ತೇನೆ.