ಕೃಷಿ ಅರ್ಥಶಾಸ್ತ್ರದ ಪ್ರಾಧ್ಯಾಪಕರಾಗಿ ಡೀನ್ ಕುರ್ಚಿವರೆಗೆ: ದಾರಿ ಎಷ್ಟು ದೂರ, ಏನು ಕಲಿಯಬೇಕು?

ನೀವು ಕೇಳಿದ್ದು ಇಷ್ಟು: ಬಿಎಸ್ಸಿ ಅಗ್ರಿ ಕೊನೆಯ ವರ್ಷ, ಕೆಲವೇ ವಾರಗಳಲ್ಲಿ ಹಳ್ಳಿ ವಾಸದ ಕಾರ್ಯಕ್ರಮ ಶುರು. ಕೃಷಿ ಅರ್ಥಶಾಸ್ತ್ರ ಓದಿ ಕರ್ನಾಟಕದ ಕೃಷಿ ವಿವಿಯೊಂದರಲ್ಲಿ ಪ್ರೊಫೆಸರ್ ಆಗಬೇಕು, ಮುಂದೆ ಡೀನ್, ನಿರ್ದೇಶಕರಂಥ ಆಡಳಿತ ಹುದ್ದೆಗೂ ಹೋಗಬೇಕು. ಎಷ್ಟು ವರ್ಷ ಹಿಡಿಯುತ್ತೆ, ಯಾವುದಕ್ಕೆ ಹೆಚ್ಚು ಒತ್ತು ಕೊಡಬೇಕು?

ಮೊದಲು ವರ್ಷಗಳ ಲೆಕ್ಕ ಹಾಕಿಬಿಡೋಣ. ಎಂಎಸ್ಸಿ 2 ವರ್ಷ. ಪಿಎಚ್‌ಡಿ ಕಾಗದದ ಮೇಲೆ 3 ವರ್ಷ, ವಾಸ್ತವದಲ್ಲಿ 4 ಅಂತಲೇ ಇಟ್ಟುಕೊಳ್ಳಿ. ಓದು ಮುಗಿದ ಕೂಡಲೇ ನೇಮಕಾತಿ ಅಧಿಸೂಚನೆ ಹೊರಬಿದ್ದರೆ ಅದು ಅದೃಷ್ಟ. ಸಹಾಯಕ ಪ್ರಾಧ್ಯಾಪಕರಾಗಿ ಸೇರಿದ ಮೇಲೆ ಬಡ್ತಿ ಯೋಜನೆಯ ಮೆಟ್ಟಿಲುಗಳು ಹೀಗಿವೆ: ಪಿಎಚ್‌ಡಿ ಇದ್ದವರಿಗೆ ವೇತನ ಪಟ್ಟಿಯ 10ನೇ ಹಂತದಿಂದ 11ಕ್ಕೆ 4 ವರ್ಷ, 11ರಿಂದ 12ಕ್ಕೆ 5 ವರ್ಷ, ಅಲ್ಲಿಂದ ಸಹ ಪ್ರಾಧ್ಯಾಪಕರ 13ಎ ಹಂತಕ್ಕೆ 3 ವರ್ಷ, ಮತ್ತೆ 3 ವರ್ಷಕ್ಕೆ 14ನೇ ಹಂತ, ಅಂದರೆ ಪ್ರಾಧ್ಯಾಪಕ. ಒಟ್ಟು 15 ವರ್ಷ. ಮೂಲ ವೇತನ ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ 57,700ರಿಂದ ಶುರುವಾಗಿ ಪ್ರಾಧ್ಯಾಪಕರಾದಾಗ 1,44,200 ರೂಪಾಯಿಗೆ ಬರುತ್ತದೆ. ಈ ಬಡ್ತಿಯ ದಾರಿಯಲ್ಲಿ ಎಲ್ಲವೂ ಸರಾಗವಾಗಿ ನಡೆದರೂ ನಲವತ್ತೈದರ ಆಸುಪಾಸಿನ ಮೊದಲು ಪ್ರೊಫೆಸರ್ ಪದನಾಮ ಸಿಗುವುದಿಲ್ಲ. ಡೀನ್ ಹುದ್ದೆಯ ಮಾತು ಅದರ ಮೇಲಿನದು. ಇನ್ನೊಂದು ಎಚ್ಚರಿಕೆ: ವರ್ಷ ತುಂಬಿದ ದಿನವೇ ಬಡ್ತಿ ಕೈಗೆ ಬರುವುದಿಲ್ಲ. ಅರ್ಜಿ, ತರಬೇತಿ ಪ್ರಮಾಣಪತ್ರ, ಪ್ರಕಟಣೆಗಳ ದಾಖಲೆ, ಸಂದರ್ಶನ ಎಲ್ಲ ಆಗಬೇಕು. ಕಡ್ಡಾಯ ತರಬೇತಿ ಕೋರ್ಸ್‌ಗಳನ್ನು ಕೊನೆಯ ವರ್ಷಕ್ಕೆ ತಳ್ಳಿದವರೇ ಹೆಚ್ಚಾಗಿ ಹಿಂದೆ ಬೀಳುವುದು.

ಪ್ರವೇಶ ಪರೀಕ್ಷೆಗಳ ಬಗ್ಗೆ ಚುಟುಕಾಗಿ ಹೇಳುತ್ತೇನೆ, ಮಾಹಿತಿ ಎಲ್ಲ ಕಡೆ ಸಿಗುತ್ತದೆ. ಎಂಎಸ್ಸಿಗೆ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ (ಐಸಿಎಆರ್) ಅಖಿಲ ಭಾರತ ಪರೀಕ್ಷೆ, ಪಿಎಚ್‌ಡಿಗೆ ಅದರ ಜೆಆರ್‌ಎಫ್/ಎಸ್‌ಆರ್‌ಎಫ್ (ಕಿರಿಯ/ಹಿರಿಯ ಸಂಶೋಧನಾ ಫೆಲೋಶಿಪ್) ಪರೀಕ್ಷೆ. ಆಮೇಲೆ ಕೃಷಿ ವಿಜ್ಞಾನಿಗಳ ನೇಮಕಾತಿ ಮಂಡಳಿ (ಎಎಸ್‌ಆರ್‌ಬಿ) ನಡೆಸುವ ನೆಟ್, ಅಂದರೆ ಬೋಧಕ ಹುದ್ದೆಯ ಅರ್ಹತಾ ಪರೀಕ್ಷೆ: 150 ಪ್ರಶ್ನೆ, 2 ಗಂಟೆ, ತಪ್ಪು ಉತ್ತರಕ್ಕೆ ಮೂರನೇ ಒಂದು ಅಂಕ ಕಡಿತ, ಸಾಮಾನ್ಯ ವರ್ಗಕ್ಕೆ ಶೇ 50 ಬಂದರೆ ಅರ್ಹತೆ. ಪಿಎಚ್‌ಡಿ ಇದ್ದರೆ ವಿನಾಯಿತಿ ಇದೆಯಲ್ಲ ಎಂದು ನೆಟ್ ಬಿಡಬೇಡಿ. ನಿಯಮ ಬದಲಾಗುತ್ತಿರುತ್ತದೆ, ಪ್ರಮಾಣಪತ್ರ ಕೈಯಲ್ಲಿದ್ದರೆ ಯಾವ ಅಧಿಸೂಚನೆ ಬಂದರೂ ಅರ್ಜಿ ಹಾಕಬಹುದು. ಎಂಎಸ್ಸಿ ಮುಗಿಯುತ್ತಿದ್ದಂತೆ ಬರೆದು ಮುಗಿಸಿಕೊಂಡರೆ ಉತ್ತಮ. ಆ ಹೊತ್ತಿಗೆ ಸೂಕ್ಷ್ಮ ಅರ್ಥಶಾಸ್ತ್ರ, ಎಕನಾಮೆಟ್ರಿಕ್ಸ್ ಇನ್ನೂ ತಲೆಯಲ್ಲಿ ಬಿಸಿಯಾಗಿರುತ್ತದೆ.

ಜಿಕೆವಿಕೆ ಆವರಣದ ಬೆಂಗಳೂರು ಕೃಷಿ ವಿವಿ (ಹುಟ್ಟಿದ್ದು 1964ರಲ್ಲಿ), 1986ರಲ್ಲಿ ಅದರಿಂದ ಬೇರೆಯಾದ ಧಾರವಾಡ, ಆಮೇಲೆ ರಾಯಚೂರು, ಶಿವಮೊಗ್ಗ, ತೋಟಗಾರಿಕೆಗೆ ಬಾಗಲಕೋಟೆ. ಹುದ್ದೆಗಳು ಇರುವುದು ಮುಖ್ಯವಾಗಿ ಇಲ್ಲಿ. ಖಾಲಿ ಹುದ್ದೆ ಕರೆಯುವವರೆಗೆ ಸುಮ್ಮನೆ ಕೂರಬೇಡಿ. ಬೆಂಗಳೂರಿನ ಸಾಮಾಜಿಕ ಮತ್ತು ಆರ್ಥಿಕ ಬದಲಾವಣೆ ಸಂಸ್ಥೆಯ (ಐಸೆಕ್) ಕೃಷಿ ಅಭಿವೃದ್ಧಿ ಕೇಂದ್ರದಂಥ ಕಡೆ ಸಂಶೋಧನಾ ಸಹಾಯಕರ ಕೆಲಸ, ವಿವಿ ಪ್ರಾಜೆಕ್ಟ್‌ಗಳಲ್ಲಿ ಎಸ್‌ಆರ್‌ಎಫ್ ಕೆಲಸ ಮಾಡಿದರೆ ದತ್ತಾಂಶದ ಪರಿಚಯ ಬೆಳೆಯುತ್ತದೆ. ನಬಾರ್ಡ್ ಪರೀಕ್ಷೆಯನ್ನೂ ಬರೆದಿಟ್ಟಿರಿ.

ಈಗ ನಿಜವಾದ ವಿಷಯಕ್ಕೆ ಬರುತ್ತೇನೆ. ಈ ವೃತ್ತಿಯಲ್ಲಿ ಮೂವತ್ತು ವರ್ಷ ನಿಮ್ಮನ್ನು ಹೊರುವುದು ಒಂದೇ: ರೈತನ ಮನೆ ಜಗಲಿಯಲ್ಲಿ ಕೂತು ತುಂಬಿದ ಪ್ರಶ್ನಾವಳಿ ಎಷ್ಟು ಸಾಚಾ ಎಂಬುದು. ಮಾದರಿ, ಸಾಫ್ಟ್‌ವೇರ್ ಎಲ್ಲ ಆಮೇಲಿನ ಮಾತು.

ಯೂರಿಯಾವನ್ನೇ ನೋಡಿ. "ಎಕರೆಗೆ ಎಷ್ಟು ಹಾಕಿದ್ರಿ?" ಅಂದರೆ ರೈತ "ಎರಡು ಚೀಲ" ಅನ್ನುತ್ತಾನೆ. ವಿದ್ಯಾರ್ಥಿ ಹಳೆಯ ಅಭ್ಯಾಸದಿಂದ 50ರಿಂದ ಗುಣಿಸಿ 100 ಕಿಲೋ ಬರೆದುಕೊಳ್ಳುತ್ತಾನೆ. ಆದರೆ 2018ರಿಂದ ಯೂರಿಯಾ ಚೀಲ 45 ಕಿಲೋ, ಡಿಎಪಿ ಮಾತ್ರ 50. ಅಲ್ಲಿಗೆ ಸಾರಜನಕದ ಲೆಕ್ಕ ಶೇ 11ರಷ್ಟು ಉಬ್ಬಿತು. ನೂರಿಪ್ಪತ್ತು ಮನೆಗಳ ಸಮೀಕ್ಷೆಯಲ್ಲೂ ಇದೇ ತಪ್ಪು ನಡೆದರೆ ಸಂಖ್ಯಾಶಾಸ್ತ್ರದ ಯಾವ ರಿಗ್ರೆಷನ್ ವಿಶ್ಲೇಷಣೆಯೂ ಅದನ್ನು ಸರಿಪಡಿಸುವುದಿಲ್ಲ. ಚೀಲ, ಗಾಡಿ, ಸೇರು, ಪಲ್ಲ ಎಂಬ ಉತ್ತರವನ್ನು ಕೇಳಿದ ಹಾಗೆಯೇ ಬರೆದುಕೊಳ್ಳಿ. ಕಿಲೋಗೆ ಪರಿವರ್ತಿಸುವ ಕೆಲಸ ಆಮೇಲೆ, ಇನ್ನೊಂದು ಕಾಲಂನಲ್ಲಿ ಆಗಲಿ. ಜಮೀನು ಕೂಡ ಎಕರೆ-ಗುಂಟೆಯಲ್ಲೇ ಇರಲಿ. 2 ಎಕರೆ 20 ಗುಂಟೆಯನ್ನು 2.20 ಎಂದು ಎಕ್ಸೆಲ್‌ಗೆ ಹಾಕುವ ತಪ್ಪು ಪ್ರತಿ ಬ್ಯಾಚಿನಲ್ಲೂ ಕಾಣುತ್ತದೆ. 40 ಗುಂಟೆಗೆ ಎಕರೆ, ಆದ್ದರಿಂದ ಅದು 2.5.

ಕೂಲಿ ಇನ್ನೂ ಸೂಕ್ಷ್ಮ. ಕೊಟ್ಟ ಕೂಲಿ ಮಾತ್ರ ಕೇಳಿದರೆ ಮುಯ್ಯಾಳು (ಕೂಲಿಯಿಲ್ಲದೆ ಒಬ್ಬರ ಹೊಲಕ್ಕೊಬ್ಬರು ದುಡಿಯುವುದು) ಬಿಟ್ಟುಹೋಗುತ್ತದೆ. ಮನೆ ಹೆಂಗಸರು ಕಳೆ ತೆಗೆದದ್ದು, ದನಕ್ಕೆ ಮೇವು ತಂದದ್ದು ಗಂಡಸರನ್ನು ಕೇಳಿದರೆ ಲೆಕ್ಕಕ್ಕೇ ಬರುವುದಿಲ್ಲ. ಆ ಭಾಗವನ್ನು ಮನೆಯ ಹೆಂಗಸರ ಹತ್ತಿರವೇ ಕೇಳಬೇಕು. "ಒಟ್ಟು ಎಷ್ಟು ಆಳು?" ಎಂದರೆ ಅಂದಾಜಿನ ಉತ್ತರ ಬರುತ್ತದೆ. ಉಳುಮೆ, ಬಿತ್ತನೆ, ಕುಂಟೆ, ಕಳೆ, ಕೊಯ್ಲು, ಒಕ್ಕಣೆ ಎಂದು ಕೆಲಸದ ಸರದಿಯಲ್ಲಿ ಕೇಳಿದರೆ ನೆನಪು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಬೆಂಬಲ ಬೆಲೆಯ ವಾದವೆಲ್ಲ ಇದೇ ಅಂಕಿಗಳ ಮೇಲೆ ನಿಂತಿದೆ. 1970-71ರಿಂದ ನಡೆಯುತ್ತಿರುವ ಕೇಂದ್ರದ ಸಾಗುವಳಿ ವೆಚ್ಚ ಯೋಜನೆಯಲ್ಲಿ ಒಂದೊಂದು ಹಳ್ಳಿ ಗುಂಪಿನಿಂದ 10 ಹಿಡುವಳಿ ಆರಿಸುತ್ತಾರೆ, ಐದು ಗಾತ್ರಗಳಿಂದ ಎರಡೆರಡು. ಅಲ್ಲಿ ಕ್ಷೇತ್ರ ಸಿಬ್ಬಂದಿ ವರ್ಷವಿಡೀ ಲೆಕ್ಕ ಬರೆಯುತ್ತಾರೆ. ತಿಳಿಯಲೆಂದು ಒಂದು ಕಲ್ಪಿತ ರಾಗಿ ಹೊಲ ತೆಗೆದುಕೊಳ್ಳಿ: ಕೈಯಿಂದ ಕೊಟ್ಟ ಖರ್ಚು ಮತ್ತು ಗೇಣಿ, ಅಂದರೆ ಎ2, 18,000 ರೂ. ಮನೆಯವರ ದುಡಿಮೆ, ಅಂದರೆ ಎಫ್‌ಎಲ್, 6,000. ಸ್ವಂತ ಭೂಮಿಯ ಬಾಡಿಗೆ ಮೌಲ್ಯ 8,000, ಸ್ವಂತ ಬಂಡವಾಳದ ಬಡ್ಡಿ 1,000. ಇಳುವರಿ 10 ಕ್ವಿಂಟಲ್. ಎ2+ಎಫ್‌ಎಲ್ ಲೆಕ್ಕದಲ್ಲಿ ಕ್ವಿಂಟಲ್‌ಗೆ 2,400, ನಾಲ್ಕನ್ನೂ ಕೂಡಿಸಿದ ಸಿ2 ಲೆಕ್ಕದಲ್ಲಿ 3,300. ಬೆಂಬಲ ಬೆಲೆ ವೆಚ್ಚದ ಒಂದೂವರೆ ಪಟ್ಟು ಇರಬೇಕು ಎಂದಾಗ ಮೊದಲನೆಯದು 3,600, ಎರಡನೆಯದು 4,950. ಅದೇ ಹೊಲ, ಅದೇ ರೈತ, ಕ್ವಿಂಟಲ್‌ಗೆ 1,350 ರೂ. ವ್ಯತ್ಯಾಸ. ಇಲ್ಲಿ ರಾಗಿ ಹುಲ್ಲಿನ ಬೆಲೆ ಬಿಟ್ಟಿದ್ದೇನೆ. ನಿಮ್ಮ ಪ್ರಬಂಧದಲ್ಲಿ ಬಿಡಬೇಡಿ. ವೆಚ್ಚವನ್ನು ಕಾಳಿಗೂ ಹುಲ್ಲಿಗೂ ಅವುಗಳ ಮೌಲ್ಯದ ಪ್ರಮಾಣದಲ್ಲಿ ಹಂಚಬೇಕು.

ಕೊಳವೆಬಾವಿ ಇರುವ ಕಡೆ ಮತ್ತೊಂದು ಬಲೆ ಇದೆ. ಅನೇಕ ಪ್ರಬಂಧಗಳಲ್ಲಿ ನೀರಿನ ಖರ್ಚು ಶೂನ್ಯ, ಕರೆಂಟು ಉಚಿತ ಎಂಬ ಕಾರಣಕ್ಕೆ. ಬಾವಿಗೆ ಸುರಿದ ದುಡ್ಡನ್ನು ಬಾವಿಯ ಆಯಸ್ಸಿಗೆ ಹಂಚಿ ವಾರ್ಷಿಕ ವೆಚ್ಚ ತೆಗೆಯಬೇಕು, ನೀರು ಬಾರದ ಬಾವಿಯ ಖರ್ಚನ್ನೂ ಸೇರಿಸಿ. 3 ಲಕ್ಷ ಖರ್ಚಾಗಿದೆ, ಬಡ್ಡಿ ಶೇ 5 ಎಂದಿಟ್ಟುಕೊಳ್ಳಿ. ಬಾವಿ 10 ವರ್ಷ ಬಾಳುತ್ತದೆ ಅಂದುಕೊಂಡರೆ ವರ್ಷಕ್ಕೆ ಸುಮಾರು 38,850 ರೂ. ನಿಜವಾಗಿ 5 ವರ್ಷಕ್ಕೇ ಬತ್ತಿದರೆ ಸುಮಾರು 69,290. ಆಯಸ್ಸನ್ನು ಪುಸ್ತಕದಿಂದ ಎತ್ತಿಕೊಂಡರೆ ಲಾಭದ ಬೆಳೆ ಅಂತ ಬರೆದದ್ದು ನಷ್ಟದ ಬೆಳೆಯಾಗಿರಬಹುದು. ಆ ಹಳ್ಳಿಯಲ್ಲೇ ಬತ್ತಿದ ಬಾವಿಗಳ ಇತಿಹಾಸ ಕೇಳಿ ಸರಾಸರಿ ತೆಗೆಯಿರಿ.

ಪ್ರಬಂಧದ ಕೊನೆಯ ಅಧ್ಯಾಯದಲ್ಲಿ "ರೈತರ ಸಮಸ್ಯೆಗಳು" ಎಂದು ಸಮಸ್ಯೆಗಳಿಗೆ ಅಂಕ ಕೊಟ್ಟು ಸಾಲಾಗಿಡುವ ಗ್ಯಾರೆಟ್ ಶ್ರೇಯಾಂಕದ ಕೋಷ್ಟಕ ಹಾಕುವ ಚಾಳಿ ಇದೆಯಲ್ಲ, ಅದನ್ನು ದಯವಿಟ್ಟು ಕೈಬಿಡಿ. ಕೂಲಿಯಾಳು ಕೊರತೆ ಒಂದನೇ ಸ್ಥಾನ, ಬೆಲೆ ಕುಸಿತ ಎರಡನೇ ಸ್ಥಾನ ಎಂಬುದು ಸಮೀಕ್ಷೆ ಮಾಡದೆಯೂ ಗೊತ್ತಿರುವ ಸಂಗತಿ. ಆ ಸಮಯವನ್ನು ಒಂದು ಪ್ರಶ್ನೆಯನ್ನು ಆಳವಾಗಿ ನೋಡಲು ಕೊಡಿ. ಎಂಎಸ್ಸಿಯ 70 ಕ್ರೆಡಿಟ್‌ಗಳಲ್ಲಿ 30, ಪಿಎಚ್‌ಡಿಯ 100ರಲ್ಲಿ 75 ಸಂಶೋಧನೆಗೇ ಮೀಸಲು. ಅದನ್ನು ಸಿದ್ಧ ಅಚ್ಚಿಗೆ ಸುರಿದು ಮುಗಿಸಿದರೆ ಮುಂದೆ ಪ್ರಕಟಣೆಗೆ ಸರಕೇ ಇರುವುದಿಲ್ಲ. ಹೊಸ ತಂತ್ರಜ್ಞಾನದಿಂದ ಹೆಚ್ಚಿದ ಇಳುವರಿಯಲ್ಲಿ ತಂತ್ರಜ್ಞಾನದ ಪಾಲೆಷ್ಟು, ಹೆಚ್ಚು ಗೊಬ್ಬರ-ಕೂಲಿಯ ಪಾಲೆಷ್ಟು ಎಂದು ಬಿಡಿಸುವ ಬಿಸಲಯ್ಯ ಮಾದರಿಯನ್ನು ನೀವು ಓದುತ್ತೀರಿ. ಅದನ್ನು ಕೊಟ್ಟ ಎಸ್. ಬಿಸಲಯ್ಯನವರು ಬೆಂಗಳೂರು ಕೃಷಿ ವಿವಿಯವರೇ, ಮುಂದೆ ಅಲ್ಲಿಯೇ ಕುಲಪತಿಯೂ ಆದರು. ಸ್ಪಷ್ಟವಾದ ಒಂದು ಪ್ರಶ್ನೆ ಹಿಡಿದರೆ ಕೆಲಸ ಎಷ್ಟು ಕಾಲ ಉಳಿಯುತ್ತದೆ ಅನ್ನುವುದಕ್ಕೆ ಅದು ನಮ್ಮ ಮನೆಯದೇ ಉದಾಹರಣೆ.

ಸೇವೆಗೆ ಸೇರಿದ ಮೇಲೆ ಬೋಧನೆ, ಸಂಶೋಧನೆ, ವಿಸ್ತರಣೆ ಮೂರೂ ಇರುತ್ತವೆ. ಬೋಧನೆಗೆ ಮೊದಲ ಎರಡು ವರ್ಷ ಕಷ್ಟ, ಆಮೇಲೆ ಟಿಪ್ಪಣಿ ಸಿದ್ಧವಿರುತ್ತದೆ. ಅರ್ಥಶಾಸ್ತ್ರಜ್ಞನಿಗೆ ಬರುವ ವಿಶೇಷ ಕೆಲಸವೆಂದರೆ ಬೇರೆ ವಿಭಾಗದವರ ಪ್ರಯೋಗಕ್ಕೆ ಲಾಭ-ವೆಚ್ಚ ಅನುಪಾತ ಹಾಕಿಕೊಡುವುದು. ಇಲ್ಲಿ ಗಟ್ಟಿಯಾಗಿ ನಿಲ್ಲಬೇಕು. 5 ಮೀಟರ್ ಉದ್ದ 4 ಮೀಟರ್ ಅಗಲದ ತಾಕು ಅಂದರೆ 20 ಚದರ ಮೀಟರ್. ಹೆಕ್ಟೇರಿಗೆ ತರಲು 500ರಿಂದ ಗುಣಿಸಬೇಕು. ತಾಕಿನಲ್ಲಿ 100 ಗ್ರಾಂ ತೂಕದ ಏರುಪೇರು ಹೆಕ್ಟೇರಿಗೆ 50 ಕಿಲೋ ಆಗಿ ಕೂರುತ್ತದೆ. ಅಂಥ ಇಳುವರಿಯ ಮೇಲೆ ಹಾಕಿದ ಅನುಪಾತ ಶಿಫಾರಸಿನ ಪುಸ್ತಕ ಸೇರಿದರೆ, ಅದನ್ನು ನಂಬಿ ಸಾಲ ಮಾಡುವವನು ರೈತ. ರೈತರ ಹೊಲದ ಪ್ರಾತ್ಯಕ್ಷಿಕೆಯ ಅಂಕಿ ಬರುವವರೆಗೆ ಸಹಿ ಹಾಕಬೇಡಿ, ಸಹೋದ್ಯೋಗಿ ಬೇಸರಪಟ್ಟುಕೊಂಡರೂ ಸರಿ.

ಆಡಳಿತಕ್ಕೆ ಬರೋಣ. ವಿಭಾಗದ ಮುಖ್ಯಸ್ಥ, ಕ್ಯಾಂಪಸ್ ಡೀನ್, ಸ್ನಾತಕೋತ್ತರ ಡೀನ್, ಶಿಕ್ಷಣ, ಸಂಶೋಧನೆ ಮತ್ತು ವಿಸ್ತರಣಾ ನಿರ್ದೇಶಕರು, ಕುಲಸಚಿವ, ಕುಲಪತಿ. ರಾಜ್ಯದ ಕೃಷಿ ವಿವಿಗಳು 2009ರ ಕಾಯ್ದೆಯಡಿ ನಡೆಯುತ್ತವೆ, ರಾಜ್ಯಪಾಲರು ಕುಲಾಧಿಪತಿ, ಕೆಳಗೆ ಆಡಳಿತ ಮಂಡಳಿ. ಆ ಕಾಯ್ದೆ ಮತ್ತು ಪರಿನಿಯಮಗಳನ್ನು ಸಹಾಯಕ ಪ್ರಾಧ್ಯಾಪಕರಾಗಿದ್ದಾಗಲೇ ಒಮ್ಮೆ ಪೂರ್ತಿ ಓದಿ. ಓದದೆ ಕುರ್ಚಿಗೆ ಬಂದವರು ಗುಮಾಸ್ತರು ಬರೆದ ಟಿಪ್ಪಣಿಗೆ ಸಹಿ ಹಾಕುತ್ತ ಕೂರುತ್ತಾರೆ.

ಅಲ್ಲಿ ಕೈ ಸುಡುವುದು ಹಣದ ವಿಷಯದಲ್ಲಿ. ಅಖಿಲ ಭಾರತ ಸಮನ್ವಿತ ಸಂಶೋಧನಾ ಯೋಜನೆಗಳಲ್ಲಿ ನೂರಕ್ಕೆ 75 ಐಸಿಎಆರ್, 25 ರಾಜ್ಯದ ಪಾಲು. ಕೃಷಿ ವಿಜ್ಞಾನ ಕೇಂದ್ರಗಳಿಗೆ ಪೂರ್ತಿ ಐಸಿಎಆರ್ ಹಣ. ಹಣ ಕಂತಿನಲ್ಲಿ ಬರುತ್ತದೆ. ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ಹೋಗದಿದ್ದರೆ ಮುಂದಿನದು ನಿಲ್ಲುತ್ತದೆ, ನಿಂತರೆ ಮೊದಲು ಪೆಟ್ಟು ಬೀಳುವುದು ದಿನಗೂಲಿಯವರಿಗೆ ಮತ್ತು ಪ್ರಯೋಗದ ತಾಕಿಗೆ. ಬಜೆಟ್‌ನಲ್ಲಿ ಉಪಕರಣದ ಶೀರ್ಷಿಕೆಯಡಿ ಬಂದ ಹಣವನ್ನು ಕೂಲಿಗೆ ತಿರುಗಿಸುವಂತಿಲ್ಲ. ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆ ಇದೆ. ಟೆಂಡರ್ ತಪ್ಪಿಸಲು ಒಂದೇ ಖರೀದಿಯನ್ನು ಮೂರು ತುಂಡು ಮಾಡಿದರೆ ಆಡಿಟ್ ಆಕ್ಷೇಪಣೆ ಖಚಿತ, ಅದು ನಿವೃತ್ತಿಯವರೆಗೂ ಬೆನ್ನು ಬಿಡುವುದಿಲ್ಲ. ಪಟ್ಟಿಯನ್ನು ಜೂನ್‌ನಲ್ಲೇ ಸಿದ್ಧಮಾಡಿ ಡಿಸೆಂಬರ್ ಒಳಗೆ ಸರಬರಾಜು ಆಗುವಂತೆ ನೋಡಿಕೊಳ್ಳಿ. ಮಾರ್ಚ್ 31ರ ವಾರದಲ್ಲಿ ಕೊಂಡ ಯಂತ್ರ ಪೆಟ್ಟಿಗೆಯಲ್ಲೇ ಉಳಿಯುವುದು ಹೆಚ್ಚು. ವಿದ್ಯಾರ್ಥಿಗಳ ಪ್ರವಾಸಕ್ಕೆ ನಿಮ್ಮ ಹೆಸರಲ್ಲಿ ಪಡೆದ ಮುಂಗಡವನ್ನು ಮರಳಿದ ವಾರವೇ ಬಿಲ್ಲು ಸಮೇತ ಹೊಂದಾಣಿಕೆ ಮಾಡಿಸಿ.

ನೇಮಕಾತಿಯ ಮೀಸಲಾತಿ ರೋಸ್ಟರ್, ಅಂದರೆ ಯಾವ ಹುದ್ದೆ ಯಾವ ವರ್ಗಕ್ಕೆ ಎಂಬ ಸರದಿ ಪಟ್ಟಿ, ಇನ್ನೊಂದು. ಒಂದು ಬಿಂದು ತಪ್ಪಿದರೆ ಇಡೀ ಅಧಿಸೂಚನೆ ನ್ಯಾಯಾಲಯಕ್ಕೆ ಹೋಗಿ ವರ್ಷಗಟ್ಟಲೆ ತಡೆ ಬೀಳಬಹುದು. ಅಷ್ಟು ಕಾಲ ವಿಭಾಗದಲ್ಲಿ ಪಾಠ ಮಾಡುವವರಿರುವುದಿಲ್ಲ.

ಆಡಳಿತಕ್ಕೆ ಯಾವಾಗ ಹೋಗಬೇಕು? ನನ್ನ ಖಚಿತ ಅಭಿಪ್ರಾಯ, ಸೇವೆಯ ಮೊದಲ ಹತ್ತು ವರ್ಷ ಬೇಡ. ಹಾಸ್ಟೆಲ್ ವಾರ್ಡನ್, ಪರೀಕ್ಷಾ ಕೆಲಸ ಒಪ್ಪಿಕೊಳ್ಳಿ, ಅವು ಜನರನ್ನು ನಿಭಾಯಿಸಲು ಕಲಿಸುತ್ತವೆ. ಆದರೆ ಪೂರ್ಣಾವಧಿ ಹುದ್ದೆಗೆ ಹೋದರೆ ಹಳ್ಳಿಗೆ ಹೋಗುವುದು ನಿಲ್ಲುತ್ತದೆ, ಹಳ್ಳಿಗೆ ಹೋಗದ ಕೃಷಿ ಅರ್ಥಶಾಸ್ತ್ರಜ್ಞನ ಅಂಕಿಗಳು ಐದೇ ವರ್ಷದಲ್ಲಿ ಹಳಸುತ್ತವೆ. ಡೀನ್ ಆದ ಮೇಲೂ ಒಬ್ಬ ಪಿಎಚ್‌ಡಿ ವಿದ್ಯಾರ್ಥಿ, ಒಂದು ಕೋರ್ಸ್ ಇಟ್ಟುಕೊಳ್ಳಿ.

ಈಗ ಹಳ್ಳಿ ವಾಸಕ್ಕೆ ಹೊರಟಿದ್ದೀರಲ್ಲ, ಜೊತೆಗೆ ಒಂದು ಇನ್ನೂರು ಪುಟದ ನೋಟ್‌ಬುಕ್ ಒಯ್ಯಿರಿ. ಒಬ್ಬ ರೈತ, ಒಂದು ಹೊಲ ಸಾಕು. ಪ್ರತಿ ಸಂಜೆ ಆ ದಿನ ಯಾರು ಎಷ್ಟು ಹೊತ್ತು ದುಡಿದರು, ಏನು ಎಷ್ಟು ಹಾಕಿದರು, ಎಲ್ಲಿಂದ ತಂದರು, ಸಾಲವೋ ನಗದೋ ಎಂದು ಬರೆಯಿರಿ. ಕಾರ್ಯಕ್ರಮ ಮುಗಿಯುವ ವಾರ ಅದೇ ಪ್ರಶ್ನೆಗಳನ್ನು ಆ ರೈತನಿಗೆ ನೆನಪಿನಿಂದ ಹೇಳಲು ಕೇಳಿ, ಎರಡನ್ನೂ ಅಕ್ಕಪಕ್ಕ ಇಡಿ. ಎಲ್ಲೆಲ್ಲಿ ಅಂತರವಿದೆಯೋ ಅಲ್ಲಿ ಗುರುತು ಹಾಕಿಕೊಳ್ಳಿ. ನಿಮ್ಮ ಎಂಎಸ್ಸಿ ಪ್ರಶ್ನಾವಳಿಯನ್ನು ಆ ಗುರುತುಗಳಿಂದ ಶುರು ಮಾಡಬಹುದು.