ಬೀಜದಿಂದ ಮೆಣಸಿನಕಾಯಿ: ತಳಿ ಹೋಲಿಸುವ ಮೊದಲು ಬೀಜದ ಗುರುತು

ನಮ್ಮ ತಾರಸಿ ತೋಟದ ಗುಂಪಿನಲ್ಲಿ ಮೈಸೂರಿನ ಸದಸ್ಯರೊಬ್ಬರು ಕೇಳಿರುವ ಮೂರು ಪ್ರಶ್ನೆಗಳಿಗೆ ಸ್ವಲ್ಪ ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ. ಅವರು ಡಿಸೆಂಬರ್ ಎರಡನೇ ವಾರದಲ್ಲಿ ಬ್ಯಾಡಗಿ, ಗುಂಟೂರು ಸಣ್ಣಂ, ಅರ್ಕಾ ಲೋಹಿತ್, ಸೂಜಿಮೆಣಸು ಮತ್ತು ಭೂತ್ ಜೊಲೋಕಿಯಾ ಎಂಬ ಐದು ಬಗೆಯ ಮೆಣಸಿನಕಾಯಿ ಬೀಜಗಳನ್ನು ಒಂದೇ ಟ್ರೇಯಲ್ಲಿ ಬಿತ್ತಿದ್ದಾರೆ. ಮೊದಲ ಮೂರು ಮೊಳೆತಿವೆ, ಕೊನೆಯ ಎರಡು ಇಪ್ಪತ್ತು ದಿನ ಕಳೆದರೂ ಮೇಲೆದ್ದಿಲ್ಲ. ಬೀಜ ಸತ್ತಿದೆಯೇ ಎಂಬುದು ಅವರ ಅನುಮಾನ. ಕಳೆದ ವರ್ಷ ತಮ್ಮ ತಾರಸಿಯ ಬ್ಯಾಡಗಿ ಗಿಡದಿಂದಲೇ ಎತ್ತಿಟ್ಟ ಬೀಜದಲ್ಲಿ ಒಂದು ಗಿಡ ಉದ್ದನೆಯ ಸುಕ್ಕಿನ ಕಾಯಿಯನ್ನೂ ಇನ್ನೊಂದು ನುಣುಪಾದ ಮೋಟು ಕಾಯಿಯನ್ನೂ ಬಿಟ್ಟಿರುವುದೇಕೆ ಎಂಬುದು ಎರಡನೆಯದು. ಐದನ್ನೂ ಬೆಳೆದು ಖಾರ, ಬಣ್ಣ, ಇಳುವರಿ ಹೋಲಿಸುವುದು ಹೇಗೆ ಎಂಬುದು ಮೂರನೆಯದು. ನನ್ನ ಅನುಭವದಲ್ಲಿ ಮೂರಕ್ಕೂ ಮೂಲ ಒಂದೇ: ಕೈಯಲ್ಲಿರುವ ಬೀಜ ಯಾವುದು ಎಂಬುದು ಖಚಿತವಾಗದೆ ಮಾಡಿದ ಹೋಲಿಕೆ ಪ್ಯಾಕೆಟ್ಟಿನ ಮೇಲಿನ ಚಿತ್ರಗಳ ಹೋಲಿಕೆಯಾಗುತ್ತದೆಯೇ ಹೊರತು ತಳಿಗಳದ್ದಾಗುವುದಿಲ್ಲ.

ಮೊಳಕೆಯ ಮಾತು ಮೊದಲು. ಟ್ರೇಯನ್ನು ದಯವಿಟ್ಟು ಚೆಲ್ಲಬೇಡಿ. ಬ್ಯಾಡಗಿ, ಗುಂಟೂರು ಮತ್ತು ಅರ್ಕಾ ಲೋಹಿತ್ ಮೂರೂ ಕ್ಯಾಪ್ಸಿಕಂ ಆನ್ಯುಅಮ್ ಎಂಬ ಒಂದೇ ಪ್ರಭೇದಕ್ಕೆ ಸೇರಿದವು. ಬೆಚ್ಚಗಿದ್ದರೆ ಏಳರಿಂದ ಹತ್ತು ದಿನಗಳಲ್ಲಿ, ಚಳಿಯಿದ್ದರೆ ಎರಡು ವಾರದಲ್ಲಿ ತಲೆ ಎತ್ತುತ್ತವೆ. ಸೂಜಿಮೆಣಸು, ಅಂದರೆ ಕೆಲವರು ಜೀರಿಗೆ ಮೆಣಸು ಅಥವಾ ಗಾಂಧಾರಿ ಎನ್ನುವುದು, ಫ್ರೂಟೆಸೆನ್ಸ್ ಪ್ರಭೇದ. ಜೊಲೋಕಿಯಾ ಮುಖ್ಯವಾಗಿ ಚೈನೆನ್ಸ್ ಪ್ರಭೇದದ್ದು, ಅದರಲ್ಲಿ ಫ್ರೂಟೆಸೆನ್ಸ್‌ನ ಅಂಶವೂ ಸೇರಿದೆ. ಇವೆರಡೂ ಸ್ವಭಾವದಲ್ಲೇ ನಿಧಾನ. ಮೂರರಿಂದ ನಾಲ್ಕು ವಾರ ತೆಗೆದುಕೊಂಡರೆ ಅದು ದೋಷವಲ್ಲ. ಮೆಣಸಿನ ಬೀಜಕ್ಕೆ 25ರಿಂದ 30 ಡಿಗ್ರಿ ಸೆಲ್ಸಿಯಸ್ ಶಾಖ ಹಿತ, ಆದರೆ ಡಿಸೆಂಬರಿನ ಮೈಸೂರಿನಲ್ಲಿ ರಾತ್ರಿಯ ಉಷ್ಣಾಂಶ ಅದಕ್ಕಿಂತ ಬಹಳ ಕೆಳಗಿರುತ್ತದೆ. ನಾನು ಅನುಸರಿಸುವ ಅಳತೆಗೋಲು ಅಡುಗೆಮನೆಯದು: ದೋಸೆ ಹಿಟ್ಟು ರಾತ್ರಿ ಬೆಳಗಾಗುವುದರೊಳಗೆ ಉಬ್ಬದ ಜಾಗದಲ್ಲಿ ಜೊಲೋಕಿಯಾ ಬೀಜವೂ ಮೊಳೆಯುವುದಿಲ್ಲ. ಹಿಟ್ಟಿನ ಪಾತ್ರೆಯನ್ನು ಚಳಿಗಾಲದಲ್ಲಿ ಎಲ್ಲಿ ಇಡುತ್ತೀರೋ ಅಲ್ಲಿಯೇ ಟ್ರೇಯನ್ನೂ ಇಡಿ, ಮೊಳಕೆ ಕಂಡ ದಿನವೇ ಬೆಳಕಿಗೆ ತನ್ನಿ. ಒಂದು ದಿನ ತಡಮಾಡಿದರೂ ಸಸಿ ಬಿಳಿಯ ದಾರದಂತೆ ಉದ್ದಕ್ಕೆಳೆದು ಮಲಗಿಬಿಡುತ್ತದೆ.

ಬಿತ್ತನೆಯ ಆಳ ಅರ್ಧ ಸೆಂಟಿಮೀಟರ್ ಸಾಕು. ತೊಳೆದ ಕೊಕೊಪೀಟ್ ಎರಡು ಪಾಲು, ಜರಡಿ ಹಿಡಿದ ಎರೆಹುಳು ಗೊಬ್ಬರ ಒಂದು ಪಾಲು ನಾನು ಬಳಸುವ ಮಿಶ್ರಣ. ಕೊಕೊಪೀಟ್ ತೊಳೆಯುವುದನ್ನು ಬಹಳ ಜನ ಬಿಡುತ್ತಾರೆ. ತೆಂಗಿನ ನಾರಿನ ಪುಡಿಯಲ್ಲಿ ಉಳಿದ ಉಪ್ಪು ಎಳೆಯ ಬೇರನ್ನು ಸುಡುತ್ತದೆ, ಆದ್ದರಿಂದ ಹಿಂಡಿದ ನೀರು ತಿಳಿಯಾಗುವವರೆಗೆ ಎರಡು ಮೂರು ಬಾರಿ ತೊಳೆಯಬೇಕು. ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರದ ಪುಡಿಯನ್ನು ಮಿಶ್ರಣಕ್ಕೆ ಸೇರಿಸಿದರೆ ಸಸಿಗಳು ಬುಡದಲ್ಲಿ ಕೊಳೆತು ಬೀಳುವುದು ಕಡಿಮೆಯಾಗುತ್ತದೆ, ಆದರೆ ಅತಿಯಾಗಿ ನೀರು ಹಾಕುವವರನ್ನು ಯಾವ ಪುಡಿಯೂ ಕಾಪಾಡಲಾರದು.

ಇನ್ನು ಕಾಯಿ ಬದಲಾದ ಬ್ಯಾಡಗಿಯ ವಿಷಯ. ಇಲ್ಲಿ ಎರಡು ಕಾರಣಗಳಿರಬಹುದು ಮತ್ತು ಗಿಡಗಳನ್ನು ಎಣಿಸಿದರೆ ಯಾವುದು ಎಂದು ಬಹುಮಟ್ಟಿಗೆ ಊಹಿಸಬಹುದು. ಒಂದು ತಾಯಿಗಿಡದ ಬೀಜದಿಂದ ಬಂದ ಹತ್ತು ಗಿಡಗಳಲ್ಲಿ ಎಂಟು ಒಂದೇ ತೆರನಾಗಿದ್ದು ಒಂದೆರಡು ಮಾತ್ರ ಬೇರೆಯಾಗಿದ್ದರೆ ಅದು ಬೇರೆ ತಳಿಯ ಪರಾಗ ತಂದು ಬೆರೆಸಿದ ಜೇನಿನ ಕೆಲಸ. ಹತ್ತೂ ಹತ್ತು ಬಗೆಯಾಗಿದ್ದರೆ ತಾಯಿಗಿಡವೇ ಹೈಬ್ರಿಡ್, ಅಂದರೆ ಎರಡು ತಳಿಗಳನ್ನು ಬೆರೆಸಿ ಪಡೆದದ್ದು ಆಗಿತ್ತು ಎಂದು ತಿಳಿಯಬೇಕು. ಮಾರುಕಟ್ಟೆಯಲ್ಲಿ ಬ್ಯಾಡಗಿ ಎಂದೇ ನಡೆಯುವ ಕಾಯಿಗಳಲ್ಲಿ 2043, 5531 ಮುಂತಾದ ಅಂಕಿಗಳಿಂದ ಗುರುತಿಸುವ ಹೈಬ್ರಿಡ್‌ಗಳು ಬೇಕಾದಷ್ಟಿವೆ. ಅಂಥ ಒಣಗಿದ ಕಾಯಿಯನ್ನು ಅಂಗಡಿಯಿಂದ ತಂದು ಬೀಜ ತೆಗೆದು ಬಿತ್ತಿದರೆ ಮೊದಲ ಪೀಳಿಗೆಯ ಏಕರೂಪತೆ ಒಡೆದು, ಅಜ್ಜ ಅಜ್ಜಿಯರ ಗುಣಗಳೆಲ್ಲ ಬೇರೆ ಬೇರೆ ಗಿಡಗಳಲ್ಲಿ ಹೊರಬರುತ್ತವೆ. ಅದರಲ್ಲಿ ಒಂದು ಅದೃಷ್ಟಕ್ಕೆ ಚೆನ್ನಾಗಿರಲೂಬಹುದು. ಆದರೆ ಅದನ್ನು ಬ್ಯಾಡಗಿ ಎಂದು ಕರೆದು ಬೇರೊಂದರ ಜೊತೆ ತೂಗಲಾಗದು.

ಅಸಲಿ ಬ್ಯಾಡಗಿಯಲ್ಲಿಯೇ ಕಡ್ಡಿ ಮತ್ತು ಡಬ್ಬಿ ಎಂಬ ಎರಡು ಬಗೆಗಳಿವೆ. ಕಡ್ಡಿ ಉದ್ದವಾಗಿ, ತೆಳ್ಳಗೆ, ಮೈತುಂಬ ಸುಕ್ಕಾಗಿರುತ್ತದೆ, ಬೀಜ ಕಡಿಮೆ. ಡಬ್ಬಿ ಗಿಡ್ಡವಾಗಿ, ಉಬ್ಬಿಕೊಂಡು, ಬೀಜ ಹೆಚ್ಚಾಗಿರುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಿದೆ. ಶುದ್ಧ ಬೀಜ ಬೇಕಾದವರು ಒಣಕಾಯಿಯ ಅಂಗಡಿಗಿಂತ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಬೀಜ ಘಟಕದಲ್ಲಿ ವಿಚಾರಿಸುವುದು ಮೇಲು. ಅರ್ಕಾ ಲೋಹಿತ್ ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ತಳಿ, ಹೈಬ್ರಿಡ್ ಅಲ್ಲ, ಆದ್ದರಿಂದ ಅದರ ಬೀಜವನ್ನು ಎತ್ತಿಟ್ಟುಕೊಳ್ಳಬಹುದು. ಆದರೆ ಅದೇ ಸಂಸ್ಥೆಯ ಅರ್ಕಾ ಮೇಘನಾ, ಅರ್ಕಾ ಖ್ಯಾತಿ ಹೈಬ್ರಿಡ್‌ಗಳು; ಹೆಸರಿನಲ್ಲಿ ಅರ್ಕಾ ಇದೆಯೆಂದು ಮೋಸ ಹೋಗಬೇಡಿ.

ಶುದ್ಧ ತಳಿಯಲ್ಲಿಯೂ ಜೇನು ಪರಾಗ ಬೆರೆಸದಂತೆ, ಪ್ರಮಾಣಪತ್ರದೊಡನೆ ಮಾರುವ ಮೆಣಸಿನ ಬೀಜ ಬೆಳೆಯುವ ಹೊಲಕ್ಕೂ ಬೇರೆ ತಳಿಯ ಹೊಲಕ್ಕೂ ನಡುವೆ 200 ಮೀಟರ್ ಅಂತರವಿರಬೇಕು ಎಂಬ ನಿಯಮವಿದೆ. ಆ ಬೀಜ ಬೆಳೆಯಲು ಬಳಸುವ ಮೂಲ ಬೀಜಕ್ಕಾದರೆ 400 ಮೀಟರ್. ಇಪ್ಪತ್ತಡಿ ತಾರಸಿಯಲ್ಲಿ ಇದು ನಗೆಯ ಮಾತು. ಹಾಗಾಗಿ ನಮಗಿರುವ ದಾರಿ ಹೂವಿಗೆ ಮುಸುಕು ಹಾಕುವುದು. ಬೆಳಗ್ಗೆ ಏಳರ ಸುಮಾರಿಗೆ ಗಿಡದ ಬಳಿ ಹೋಗಿ ನೋಡಿ: ಮರುದಿನ ಅರಳಲಿರುವ ಮೊಗ್ಗು ಅಕ್ಕಿ ಕಾಳಿಗಿಂತ ತುಸು ದಪ್ಪಗೆ, ಬೆಳ್ಳಗೆ, ತುದಿ ಇನ್ನೂ ಮುಚ್ಚಿಕೊಂಡು ಜೋತುಬಿದ್ದಿರುತ್ತದೆ. ಅಂಥ ನಾಲ್ಕೈದು ಮೊಗ್ಗುಗಳಿರುವ ರೆಂಬೆಯನ್ನು ಆರಿಸಿ, ಆಗಲೇ ಅರಳಿದ ಹೂವನ್ನೂ ಕಟ್ಟಿದ ಹೀಚನ್ನೂ ಚಿವುಟಿ ತೆಗೆದು, ಮದುವೆ ಮನೆಯಲ್ಲಿ ತಾಂಬೂಲಕ್ಕೆ ಕೊಡುವ ತೆಳುವಾದ ಬಲೆಯ ಚೀಲವನ್ನು ತೊಡಿಸಿ ದಾರ ಎಳೆಯಿರಿ. ಹೂವು ಚೀಲದೊಳಗೆ ಅರಳಿದ ಮೇಲೆ ನೀಲಿ ಛಾಯೆಯ ಪರಾಗಕೋಶಗಳು ಬಿರಿದು ಬಿಳಿಯ ಹುಡಿ ಕಾಣಿಸುತ್ತದೆ. ಆಗ ರೆಂಬೆಯನ್ನು ಬೆರಳಿನಿಂದ ಮೆಲ್ಲನೆ ಎರಡು ಸಲ ತಟ್ಟಿದರೆ ಸಾಕು, ತನ್ನ ಪರಾಗ ತನಗೇ ಸೇರುತ್ತದೆ. ಹೀಚು ಗಟ್ಟಿಯಾದ ಮೇಲೆ ಚೀಲ ತೆಗೆದು ಆ ಕಾಯಿಗಳ ತೊಟ್ಟಿಗೆ ಬಣ್ಣದ ನೂಲು ಕಟ್ಟಿ. ಬೀಜಕ್ಕೆ ಆ ಕಾಯಿಗಳೇ, ಸಾರಿಗೆ ಉಳಿದವು.

ಜೊಲೋಕಿಯಾ ಎಂದು ಕೊಂಡ ಬೀಜ ನಿಜವಾಗಿಯೂ ಅದೇ ಹೌದೇ ಎಂದು ಪರೀಕ್ಷಿಸಲು ಕಾಯಿ ಬಿಡುವವರೆಗೆ ಕಾಯಬೇಕಿಲ್ಲ, ಹೂವೇ ಹೇಳುತ್ತದೆ. ಬ್ಯಾಡಗಿಯ ಬಳಗದಲ್ಲಿ ಸಾಮಾನ್ಯವಾಗಿ ಒಂದು ಗಿಣ್ಣಿಗೆ ಒಂದೇ ಹೂವು, ಅಚ್ಚ ಬಿಳುಪು. ಚೈನೆನ್ಸ್ ಬಳಗದಲ್ಲಿ ಒಂದೇ ಗಿಣ್ಣಿನಿಂದ ಎರಡರಿಂದ ಐದು ಹೂವುಗಳು ಒಟ್ಟಿಗೆ ಇಳಿಬೀಳುತ್ತವೆ, ಮುಂದೆ ಕಾಯಿ ಕಟ್ಟಿದಾಗ ತೊಟ್ಟು ಟೊಪ್ಪಿಗೆಗೆ ಸೇರುವಲ್ಲಿ ಉಂಗುರ ತೊಡಿಸಿದಂತೆ ಒಂದು ಕುಗ್ಗು ಎದ್ದು ಕಾಣುತ್ತದೆ. ಸೂಜಿಮೆಣಸಿನ ಹೂವು ಹಸಿರು ಮಿಶ್ರಿತ ಬಿಳುಪು, ಕಾಯಿ ಆಕಾಶ ನೋಡುತ್ತದೆ. ಎರಡು ವರ್ಷದ ಹಿಂದೆ ಆನ್‌ಲೈನ್‌ನಲ್ಲಿ ತರಿಸಿದ ನನ್ನ 'ಜೊಲೋಕಿಯಾ' ಗಿಣ್ಣಿಗೊಂದು ಅಚ್ಚ ಬಿಳಿ ಹೂವು ಬಿಟ್ಟಾಗಲೇ ವಿಷಯ ತಿಳಿದುಹೋಗಿತ್ತು. ಕಾಯಿ ಬಜ್ಜಿ ಮೆಣಸಿನಕಾಯಿಗಿಂತ ಸಪ್ಪೆಯಾಗಿತ್ತು.

ಹೋಲಿಕೆಗೆ ಪ್ರತಿ ತಳಿಯದ್ದು ಕನಿಷ್ಠ ಮೂರು ಗಿಡವಾದರೂ ಬೇಕು, ಏಕೆಂದರೆ ಒಂದು ಗಿಡ ಸೊರಗಿದರೆ ಅದು ತಳಿಯ ಗುಣವೋ ಕುಂಡದ ದೋಷವೋ ಎಂದು ತಿಳಿಯುವುದಿಲ್ಲ. ಎಲ್ಲಕ್ಕೂ ಹನ್ನೆರಡು ಇಂಚಿನ ಒಂದೇ ಬಗೆಯ ಗಿಡ ನೆಡುವ ಚೀಲ, ಒಂದೇ ರಾಶಿಯಲ್ಲಿ ಕಲಸಿದ ಮಣ್ಣು, ಒಂದೇ ಮಗ್ಗಿನಲ್ಲಿ ನೀರು. ಗೋಡೆಯ ಪಕ್ಕದ ಕುಂಡ ಮಧ್ಯಾಹ್ನ ಹೆಚ್ಚು ಕಾಯುತ್ತದೆಯಾದ್ದರಿಂದ ಹದಿನೈದು ದಿನಕ್ಕೊಮ್ಮೆ ಜಾಗ ಬದಲಿಸಿ. ಕಡಲೆ ಹಿಂಡಿಯ ನೀರನ್ನು ಮೊದಲ ಒಂದೂವರೆ ತಿಂಗಳು ಕೊಡಿ, ಹೂವು ಕಂಡ ಮೇಲೆ ಕಡಿಮೆ ಮಾಡಿ. ಸಾರಜನಕ ಹೆಚ್ಚಾದ ಗಿಡ ಪೊಗದಸ್ತಾಗಿ ಎಲೆ ಬೆಳೆಸುತ್ತದೆ, ಹೂವು ಉದುರಿಸುತ್ತದೆ. ಏಪ್ರಿಲ್ ಬಿಸಿಲಿನಲ್ಲಿಯೂ ಹೂವು ಉದುರುತ್ತದೆ, ಅದಕ್ಕೆ ನೆರಳು ಪರದೆಯೇ ಮದ್ದು. ಹೆಸರಿನ ಚೀಟಿಯನ್ನು ಮಾರ್ಕರ್ ಪೆನ್ನಿನಲ್ಲಿ ಬರೆಯಬೇಡಿ. ನಾನು ಬರೆದು, ಮೂರು ತಿಂಗಳ ಬಿಸಿಲಿಗೆ ಅಕ್ಷರವೆಲ್ಲ ಹಾರಿ, ಹದಿನೆಂಟು ಅನಾಮಿಕ ಗಿಡಗಳ ನಡುವೆ ನಿಂತಿದ್ದೆ. ಮೊಸರಿನ ಡಬ್ಬಿ ಕತ್ತರಿಸಿದ ಪಟ್ಟಿಯ ಮೇಲೆ ಸೀಸದ ಕಡ್ಡಿಯಲ್ಲಿ ಬರೆದದ್ದು ಎರಡು ವರ್ಷವಾದರೂ ಅಳಿಯುವುದಿಲ್ಲ.

ಎಲೆ ಮುಟುರಿದ ಗಿಡವನ್ನು ಹೋಲಿಕೆಯ ಲೆಕ್ಕದಿಂದ ಕೈಬಿಡಿ. ಎಲೆಯ ಅಂಚು ದೋಣಿಯಂತೆ ಮೇಲಕ್ಕೆ ಮಡಚಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ, ಕೊಡೆ ಕವುಚಿದಂತೆ ಕೆಳಕ್ಕೆ ಮಡಚಿದ್ದರೆ ಮೈಟ್ ನುಸಿ ಎಂಬುದು ರೈತರ ಹಳೆಯ ಲೆಕ್ಕ, ಅದು ಸರಿಯೂ ಹೌದು. 2021ರಲ್ಲಿ ಆಂಧ್ರ, ತೆಲಂಗಾಣ ಮತ್ತು ನಮ್ಮ ಮೆಣಸಿನ ಹೊಲಗಳನ್ನು ಕಾಡಿದ ಹೊಸ ಬಗೆಯ ಕಪ್ಪು ಥ್ರಿಪ್ಸ್ ಹೂವಿನೊಳಗೇ ಗುಂಪಾಗಿ ಕೂರುತ್ತದೆ. ಬಿಳಿ ಕಾಗದದ ಮೇಲೆ ಹೂವನ್ನು ಕೊಡವಿದರೆ ಎಳ್ಳಿಗಿಂತ ಸಣ್ಣ ಕಪ್ಪು ಗೆರೆಗಳು ಓಡಾಡುವುದು ಕಾಣುತ್ತದೆ. ಬೇವಿನೆಣ್ಣೆ ಲೀಟರಿಗೆ ಐದು ಮಿಲಿ, ಸೋಪಿನ ದ್ರಾವಣ ಒಂದೆರಡು ಹನಿ, ಸಂಜೆ ಹೊತ್ತು ಎಲೆಯ ಅಡಿಗೆ ಸಿಂಪಡಿಸಿ. ಮೈಟ್ ನುಸಿಗೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ ಎರಡು ಗ್ರಾಂ, ಆದರೆ ಎಣ್ಣೆ ಹೊಡೆದ ಎರಡು ವಾರದೊಳಗೆ ಗಂಧಕ ಬೇಡ, ಎಲೆ ಸುಡುತ್ತದೆ. ಹುಳಿ ಮಜ್ಜಿಗೆಯನ್ನು ಗುಂಪಿನಲ್ಲಿ ಪ್ರತಿ ರೋಗಕ್ಕೂ ಹೇಳುತ್ತಾರೆ. ಮುಟುರಿದ ಎಲೆ ಅದರಿಂದ ಬಿಡಿಸಿಕೊಂಡದ್ದನ್ನು ನಾನಂತೂ ನೋಡಿಲ್ಲ.

ಖಾರದ ಅಳತೆಗೆ 1912ರಲ್ಲಿ ವಿಲ್ಬರ್ ಸ್ಕೋವಿಲ್ ಎಂಬ ಅಮೆರಿಕದ ಔಷಧ ತಜ್ಞ ಹಾಕಿಕೊಟ್ಟ ಕ್ರಮವೇ ನಾಲಿಗೆಯದು: ಮೆಣಸಿನ ಸಾರವನ್ನು ಸಕ್ಕರೆ ನೀರಿನಲ್ಲಿ ತೆಳ್ಳಗೆ ಮಾಡುತ್ತ ಹೋಗಿ ಖಾರ ಮಾಯವಾಗುವ ಹಂತವನ್ನು ಗುರುತಿಸುವುದು. ಈಗ ಯಂತ್ರದಿಂದ ಅಳೆಯುತ್ತಾರೆ. ಆ ಮಾನದಲ್ಲಿ ಗುಂಟೂರು ಸಣ್ಣಂ ಸುಮಾರು 35,000ದಿಂದ 40,000. ಜೊಲೋಕಿಯಾ ಹತ್ತು ಲಕ್ಷ ದಾಟಿ 2007ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿತ್ತು. ಬ್ಯಾಡಗಿ ಗುಂಟೂರಿಗಿಂತ ಬಹಳ ಕೆಳಗೆ. ಮನೆಯಲ್ಲಿ ನಮಗೆ ಅಂಕಿ ಬೇಕಿಲ್ಲ, ಕ್ರಮ ಸಾಕು. ಪೂರ್ತಿ ಹಣ್ಣಾದ ಹತ್ತು ಕಾಯಿಗಳನ್ನು ತೂಗಿ, ನೆರಳು ಬಿಸಿಲಿನಲ್ಲಿ ಮುರಿದರೆ ಚಟಕ್ಕೆನ್ನುವಷ್ಟು ಒಣಗಿಸಿ, ಮತ್ತೆ ತೂಗಿ. ಪುಡಿ ಮಾಡುವಾಗ ಬೀಜ ತೆಗೆಯಿರಿ, ಬಿಳಿಯ ನಾರನ್ನು ಉಳಿಸಿಕೊಳ್ಳಿ. ಖಾರವಿರುವುದು ಆ ನಾರಿನಲ್ಲಿ, ಬೀಜಕ್ಕೆ ಅದು ತಗುಲಿರುತ್ತದೆ ಅಷ್ಟೆ. ಕಾಲು ಚಮಚ ಪುಡಿಯನ್ನು ಒಂದು ಲೋಟ ಉಪ್ಪಿಲ್ಲದ ಅಕ್ಕಿ ಗಂಜಿಗೆ ಬೆರೆಸಿ ಒಂದು ಚಮಚ ರುಚಿ ನೋಡಿ. ನಡುವೆ ಒಂದು ತುತ್ತು ಮೊಸರನ್ನ, ಕಾಲು ಗಂಟೆ ವಿರಾಮ, ಒಂದು ಹೊತ್ತಿಗೆ ಎರಡೇ ತಳಿ. ಜೊಲೋಕಿಯಾವನ್ನು ಈ ಸಾಲಿಗೆ ಸೇರಿಸಬೇಡಿ, ಅದರ ಸ್ಥಾನ ರುಚಿ ನೋಡದೆಯೇ ಗೊತ್ತಿದೆ. ಅದರ ಬೀಜ ತೆಗೆಯುವಾಗ ಕೈಗವಸು ಇರಲಿ. ತಗುಲಿದರೆ ನೀರಿನಿಂದ ಹೋಗುವುದಿಲ್ಲ, ಮೊದಲು ಕೊಬ್ಬರಿ ಎಣ್ಣೆ ಉಜ್ಜಿ ಆಮೇಲೆ ಸೋಪು. ನಾನು ಕಣ್ಣು ಒರೆಸಿಕೊಂಡ ದಿನದ ಕಥೆ ಇಲ್ಲಿ ಬೇಡ.

ನೀರು ಕಡಿಮೆ ಸಿಕ್ಕ ಗಿಡದ ಕಾಯಿ ಖಾರವಾಗುವುದುಂಟು, ಆದ್ದರಿಂದ ಮೊದಲ ಮತ್ತು ಮೂರನೇ ಕೊಯ್ಲನ್ನು ಬೇರೆ ಬೇರೆಯಾಗಿಯೇ ಬರೆದಿಡಿ. ಬಣ್ಣಕ್ಕೆ ಅರ್ಧ ಚಮಚ ಪುಡಿಯನ್ನು ಒಂದು ಚಮಚ ಬೆಚ್ಚನೆಯ ಎಣ್ಣೆಯಲ್ಲಿ ಕದಡಿ ಬಿಳಿಯ ತಟ್ಟೆಯ ಮೇಲೆ ಪಕ್ಕಪಕ್ಕ ಸುರಿದು ನೋಡಿ. ಇಲ್ಲಿ ಬ್ಯಾಡಗಿಯನ್ನು ಉಳಿದವು ಮುಟ್ಟಲಾರವು. ಲಿಪ್‌ಸ್ಟಿಕ್ಕಿನ ಬಣ್ಣಕ್ಕೂ ಅದರ ಓಲಿಯೋರೆಸಿನ್, ಅಂದರೆ ಕಾಯಿಯಿಂದ ತೆಗೆದ ಗಟ್ಟಿ ಸಾರ, ಹೋಗುವುದು ಇದೇ ಕಾರಣಕ್ಕೆ.

ಸದ್ಯಕ್ಕೆ ಮೊಳೆತ ಮೂರು ತಳಿಗಳನ್ನು ನಾಲ್ಕೈದು ಎಲೆ ಬಂದ ಮೇಲೆ ಚೀಲಕ್ಕೆ ಬದಲಿಸಿ, ಟ್ರೇಯ ಉಳಿದ ಭಾಗವನ್ನು ಬೆಚ್ಚಗಿಟ್ಟು ಇನ್ನೂ ಹದಿನೈದು ದಿನ ಕಾಯಿರಿ. ಮೋಟು ಕಾಯಿಯ ಆ ಬ್ಯಾಡಗಿ ಗಿಡವನ್ನು ಕೀಳಬೇಕಿಲ್ಲ, ಪಲ್ಯಕ್ಕಾಗುತ್ತದೆ; ಆದರೆ ಉಳಿದವು ಹೂವಿಗೆ ಬರುವ ಮೊದಲು ಅದನ್ನು ಮನೆಯ ಇನ್ನೊಂದು ಬದಿಗೆ ಸಾಗಿಸಿ, ಅದರ ಬೀಜವನ್ನು ಮಾತ್ರ ಯಾರಿಗೂ ಹಂಚಬೇಡಿ.