ಸಂಪಾದಕರ ಉತ್ತರ: ಸಿಐಡಿ 999 ಮತ್ತು ಬೋಳುತಲೆಯ ಖಳನಾಯಕ

ನಮಸ್ಕಾರ ಯಜಮಾನರೇ,

ಮಂಡ್ಯದಿಂದ ನೀವು ಬರೆದ ನಾಲ್ಕು ಪುಟದ ಪತ್ರ ಸಿಕ್ಕಿತು. ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕುವುದಿಲ್ಲ. ಆದರೆ ಪತ್ರದಲ್ಲಿ ಏನಿತ್ತು ಅನ್ನುವುದನ್ನು ಉಳಿದ ಓದುಗರಿಗೆ ಹೇಳಲೇಬೇಕು. ಇಲ್ಲದಿದ್ದರೆ ನನ್ನ ಉತ್ತರ ಯಾರಿಗೂ ಅರ್ಥವಾಗುವುದಿಲ್ಲ.

ಹೋದ ಸಂಚಿಕೆಯಲ್ಲಿ ನಾವು 1997ರ ಇಂಗ್ಲಿಷ್ ಸಿನಿಮಾ ಆಸ್ಟಿನ್ ಪವರ್ಸ್ ಬಗ್ಗೆ ಎರಡು ಪುಟ ಬರೆದಿದ್ದೆವು. ಜೇಮ್ಸ್ ಬಾಂಡ್ ತರದ ಗೂಢಚಾರಿ ಸಿನಿಮಾಗಳನ್ನು ಅಣಕಿಸುವ ಸಿನಿಮಾ ಅದು. ನಿಮ್ಮ ಮೊಮ್ಮಗ ಅದನ್ನು ಓದಿ, ಭಾನುವಾರ ಮನೆಮಂದಿಯನ್ನೆಲ್ಲ ಟೀವಿ ಮುಂದೆ ಕೂರಿಸಿ ಸಿನಿಮಾ ಹಾಕಿದ್ದಾನೆ. ಸ್ವಲ್ಪ ಹೊತ್ತಿಗೇ ಸೊಸೆ ಎದ್ದು ಅಡುಗೆಮನೆಗೆ ಹೋದರು ಎಂದು ಬರೆದಿದ್ದೀರಿ. ಅದಕ್ಕಿಂತ ನಿಮಗೆ ಜಾಸ್ತಿ ನೋವಾಗಿದ್ದು ಆಮೇಲೆ. ಮೊಮ್ಮಗ ಫೋನ್ ತೆಗೆದು, ಅಣ್ಣಾವ್ರ, ಅಂದರೆ ನಮ್ಮ ರಾಜ್‌ಕುಮಾರ್ ಅವರ, ಗೂಢಚಾರಿ ಸಿನಿಮಾ ‘ಆಪರೇಷನ್ ಡೈಮಂಡ್ ರಾಕೆಟ್’ನ ಇಂಗ್ಲಿಷ್ ಹಾಡು ತೋರಿಸಿ, ‘ತಾತ, ಇದೂ ಅದೇ ತರ ಕಾಮಿಡಿ ಅಲ್ವಾ’ ಅಂದನಂತೆ. ಟೆಂಟಿನಲ್ಲಿ ಮರಳಿನ ಮೇಲೆ ಕೂತು ಅಣ್ಣಾವ್ರ ಮೊದಲ ಗೂಢಚಾರಿ ಸಿನಿಮಾ ‘ಜೇಡರ ಬಲೆ’ ನೋಡಿದವರು ನೀವು. ಆ ರಾತ್ರಿ ನಿದ್ದೆ ಬರಲಿಲ್ಲ, ಅಣ್ಣಾವ್ರನ್ನು ನೋಡಿ ನಗುವುದನ್ನು ನಿಮ್ಮಂಥವರೇ ಹುಡುಗರಿಗೆ ಕಲಿಸುತ್ತಿದ್ದೀರಿ ಎಂದು ನನ್ನನ್ನು ನೇರವಾಗಿ ಕೇಳಿದ್ದೀರಿ.

ಮೊದಲು ಸೊಸೆಯವರ ವಿಷಯ. ಅಲ್ಲಿ ತಪ್ಪು ನಮ್ಮದೇ. ಆ ಸಿನಿಮಾದಲ್ಲಿ ಪೋಲಿ ಜೋಕುಗಳು ತುಂಬಾ ಇವೆ, ಕಕ್ಕಸು ಕೋಣೆಯಲ್ಲಿ ನಡೆಯುವ ಜೋಕೂ ಇದೆ. ಮಕ್ಕಳು, ಹಿರಿಯರು ಒಟ್ಟಿಗೆ ಕೂತು ನೋಡುವಂಥದ್ದಲ್ಲ. ಎರಡು ಪುಟ ಬರೆದ ನಾವು ಅದೊಂದು ಸಾಲು ಬರೆಯಬೇಕಿತ್ತು, ಬರೆಯಲಿಲ್ಲ. ನಿಮ್ಮ ಮನೆಯವರೆಲ್ಲರ ಕ್ಷಮೆ ಕೇಳುತ್ತೇನೆ. ಇನ್ನು ಮುಂದೆ ಇಂಥ ಸಿನಿಮಾ ಬಗ್ಗೆ ಬರೆದಾಗ ಯಾರ ಜೊತೆ ಕೂತು ನೋಡಬಹುದು ಅನ್ನುವುದನ್ನೂ ಬರೆಯುತ್ತೇವೆ.

ಆದರೆ ಆ ಸಿನಿಮಾ ಬಾಂಡ್‌ಗೆ ಅವಮಾನ ಮಾಡುತ್ತದೆ, ಆ ನಗುವೇ ಅಣ್ಣಾವ್ರ ತನಕ ಬಂತು ಅನ್ನುತ್ತೀರಲ್ಲ, ಅದನ್ನು ನಾನು ಒಪ್ಪುವುದಿಲ್ಲ. ಯಾಕೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಕೇಳಿ.

ನಮ್ಮೂರು ಪಾಂಡವಪುರದ ಕಡೆ. ನಾನು ಚಿಕ್ಕವನಿದ್ದಾಗ ಊರಿನಲ್ಲಿ ಕುರುಕ್ಷೇತ್ರ ನಾಟಕ ಆಡುತ್ತಿದ್ದರು. ನಿಮ್ಮ ಕಡೆಯೂ ಹಾಗೇ ಅಲ್ವಾ, ಡ್ರಾಮಾ ಮೇಷ್ಟ್ರು, ಹಾರ್ಮೋನಿಯಂ, ಬಾಡಿಗೆಗೆ ತಂದ ಸೀನರಿ, ದುಡ್ಡು ಕೊಟ್ಟು ಪಾರ್ಟು ತೆಗೆದುಕೊಂಡ ರೈತರು. ಒಂದು ವರ್ಷ ನಾಟಕ ಮುಗಿದ ಮಾರನೇ ದಿನ ಆಲೆಮನೆ ಹತ್ತಿರ ಹೋಗಿದ್ದೆ. ಹಿಂದಿನ ರಾತ್ರಿ ದುರ್ಯೋಧನ ಆಗಿದ್ದವರು ಅಲ್ಲಿ ಕೊಪ್ಪರಿಗೆ ಮುಂದೆ ನಿಂತು ಕಬ್ಬಿನ ಹಾಲಿನ ಮಡ್ಡಿ ತೆಗೆಯುತ್ತಿದ್ದರು. ಒಬ್ಬ ಹುಡುಗ ಟವೆಲ್ಲನ್ನು ತಲೆಗೆ ಕಿರೀಟದ ಹಾಗೆ ಸುತ್ತಿಕೊಂಡು, ಕಬ್ಬಿನ ಜಲ್ಲೆಯನ್ನು ಗದೆ ಮಾಡಿಕೊಂಡು, ಅವರ ಎದುರಿಗೇ ಅವರ ಪಾರ್ಟು ಶುರು ಮಾಡಿದ. ಕಂದಪದ್ಯ ಎಳೆಯುವ ಮುಂಚೆ ಅವರು ಹೇಗೆ ಗಂಟಲು ಸರಿ ಮಾಡಿಕೊಳ್ಳುತ್ತಾರೆ, ಶ್ರುತಿಗೆ ಹೇಗೆ ಓರೆಗಣ್ಣಲ್ಲಿ ಮೇಷ್ಟ್ರ ಕಡೆ ನೋಡುತ್ತಾರೆ, ಜಾರುವ ಕಿರೀಟವನ್ನು ರಾಜಗಾಂಭೀರ್ಯ ಬಿಡದೆ ಹೇಗೆ ಮೇಲಕ್ಕೆ ತಳ್ಳುತ್ತಾರೆ, ಒಂದೂ ಬಿಡಲಿಲ್ಲ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎಲ್ಲರಿಗಿಂತ ಜಾಸ್ತಿ ನಕ್ಕಿದ್ದು ಆ ದುರ್ಯೋಧನನೇ. ಕಣ್ಣೊರೆಸಿಕೊಂಡು, ‘ಅಲ್ಲಿ ಎಡಗಾಲು ಮುಂದಕ್ಕೆ ಬರ್ಬೇಕು ಕಣ್ಲಾ’ ಅಂತ ತಿದ್ದಿದರು. ಮುಂದೆ ಆ ಹುಡುಗನೇ ಊರಿನಲ್ಲಿ ದುರ್ಯೋಧನನ ಪಾರ್ಟು ಮಾಡಿದ.

ಆ ಹುಡುಗ ಅವರಿಗೆ ಅವಮಾನ ಮಾಡಿದನೇ? ರಾತ್ರಿಯೆಲ್ಲ ನಿದ್ದೆಗೆಟ್ಟು, ಕಣ್ಣು ಮಿಟುಕಿಸದೆ ನೋಡಿದವನಿಗೆ ಮಾತ್ರ ಹಾಗೆ ಅಣಕಿಸಲು ಬರುತ್ತದೆ.

ಆಸ್ಟಿನ್ ಪವರ್ಸ್ ಕೂಡ ಇಂಥದ್ದೇ. ಅದನ್ನು ಬರೆದವರೂ ಅವರೇ, ನಾಯಕನೂ ಅವರೇ, ಖಳನಾಯಕನೂ ಅವರೇ: ಮೈಕ್ ಮೈಯರ್ಸ್. ಅವರ ಅಪ್ಪ ಇಂಗ್ಲೆಂಡಿನ ಲಿವರ್‌ಪೂಲ್‌ನವರು, ಕೆನಡಾಕ್ಕೆ ಹೋಗಿ ನೆಲೆಸಿದವರು. ಮಗನಿಗೆ ಬಾಂಡ್ ಸಿನಿಮಾಗಳ, ಬ್ರಿಟಿಷ್ ಹಾಸ್ಯದ ರುಚಿ ಹತ್ತಿಸಿದ್ದು ಅಪ್ಪನೇ. 1991ರಲ್ಲಿ ಅಪ್ಪ ತೀರಿಕೊಂಡರು. ಈ ಸಿನಿಮಾ ಅಪ್ಪನಿಗೆ ಸಲ್ಲಿಸಿದ ಕಾಣಿಕೆ ಎಂದು ಮೈಯರ್ಸ್ ಮತ್ತೆ ಮತ್ತೆ ಹೇಳಿದ್ದಾರೆ. ಮೊದಲ ಸಲ ಇದನ್ನು ಓದಿದಾಗ ನನಗೆ ನೆನಪಾಗಿದ್ದು ಆಲೆಮನೆ.

ಇನ್ನು ಸಿನಿಮಾದೊಳಗೆ ಬನ್ನಿ. ಪೋಲಿ ಜೋಕುಗಳನ್ನು ಪಕ್ಕಕ್ಕಿಡಿ. ಅದರಲ್ಲಿನ ಡಾಕ್ಟರ್ ಈವಿಲ್ ಅನ್ನುವ ಖಳನನ್ನು ನೋಡಿ. ಬೋಳುತಲೆ, ಮುಖದ ಮೇಲೆ ಗಾಯದ ಗುರುತು, ಮಡಿಲಲ್ಲಿ ಬೆಕ್ಕು. 1967ರ ಬಾಂಡ್ ಸಿನಿಮಾ ‘ಯೂ ಓನ್ಲಿ ಲಿವ್ ಟ್ವೈಸ್’ನಲ್ಲಿ ಡೊನಾಲ್ಡ್ ಪ್ಲೆಸೆನ್ಸ್ ಮಾಡಿದ ಬ್ಲೋಫೆಲ್ಡ್ ಪಾತ್ರದ ಪಡಿಯಚ್ಚು. ಈ ಖಳನೂ ನಾಯಕನೂ 1967ರಲ್ಲಿ ಹಿಮಗಟ್ಟಿಸಿಕೊಂಡು ಮಲಗಿ 1997ರಲ್ಲಿ ಏಳುತ್ತಾರೆ. ಎದ್ದ ಖಳ ಜಗತ್ತನ್ನೇ ಹೆದರಿಸಿ ಹತ್ತು ಲಕ್ಷ ಡಾಲರ್ ಕೇಳೋಣ ಅನ್ನುತ್ತಾನೆ. ಅವನ ಕೈಕೆಳಗಿನವನು ಮೆಲ್ಲಗೆ, ಸಾರ್, ಈಗ ಅದು ದೊಡ್ಡ ಮೊತ್ತ ಅಲ್ಲ, ನಮ್ಮ ಕಂಪನಿಯೇ ವರ್ಷಕ್ಕೆ ಒಂಬೈನೂರು ಕೋಟಿ ಡಾಲರ್ ದುಡಿಯುತ್ತೆ ಅಂತ ತಿಳಿಸುತ್ತಾನೆ. ಮೂವತ್ತು ವರ್ಷದಲ್ಲಿ ದುಡ್ಡಿನ ಬೆಲೆ ಏನಾಯಿತು ಅನ್ನುವುದನ್ನು ಒಂದು ನಿಮಿಷದಲ್ಲಿ ನಗಿಸಿ ಹೇಳಿದ್ದಾರೆ.

ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು. ನಾಯಕ ಸಿಕ್ಕಿಬಿದ್ದಾಗ ಖಳ ಅವನನ್ನು ಮೀನುಗಳಿರುವ ಕೊಳದ ಮೇಲೆ ನಿಧಾನವಾಗಿ ಇಳಿಸುವ ಏರ್ಪಾಟು ಮಾಡುತ್ತಾನೆ. ಖಳನ ಮಗ ಕೇಳುತ್ತಾನೆ: ಇದೆಲ್ಲ ಯಾಕೆ, ನನ್ನ ರೂಮಲ್ಲಿ ಗನ್ ಇದೆ, ತರ್ತೀನಿ, ಈಗಲೇ ಹೊಡೆದುಬಿಡೋಣ. ಅಪ್ಪ ಬೇಡವೇ ಬೇಡ ಅನ್ನುತ್ತಾನೆ. ಅವನು ಸಾಯುವುದನ್ನು ನಿಂತು ನೋಡುವುದೂ ಇಲ್ಲ, ಎಲ್ಲ ಅಂದುಕೊಂಡ ಹಾಗೇ ಆಯಿತು ಎಂದುಕೊಂಡು ಹೊರಟುಹೋಗುತ್ತಾನೆ. ಯಜಮಾನರೇ, ಈ ಪ್ರಶ್ನೆ ನೀವೂ ಕೇಳಿದ್ದೀರಿ, ನಾನೂ ಕೇಳಿದ್ದೇನೆ. ಕಟ್ಟಿಹಾಕಿದ ನಾಯಕನ ಮುಂದೆ ವಿಲನ್ ಸಿಗಾರ್ ಸೇದುತ್ತಾ ಪ್ಲಾನೆಲ್ಲ ಬಿಚ್ಚಿ ಹೇಳುವಾಗ, ಟೆಂಟಿನಲ್ಲಿ ಹಿಂದಿನಿಂದ ಯಾರೋ ಒಬ್ಬ ಕೂಗುತ್ತಿದ್ದನಲ್ಲ, ‘ಲೋ, ಮೊದ್ಲು ಹೊಡಿಯೋ ಅವನ್ನ’ ಅಂತ? ಆ ದನಿಯನ್ನು ಎತ್ತಿ ತೆರೆಯೊಳಗೆ ಇಟ್ಟಿದ್ದಾರೆ, ಅಷ್ಟೇ.

ಇನ್ನೊಂದು ದೃಶ್ಯದಲ್ಲಿ ನಾಯಕ ಇಕ್ಕಟ್ಟಾದ ಓಣಿಯಲ್ಲಿ ಪುಟ್ಟ ಬ್ಯಾಟರಿ ಗಾಡಿ ತಿರುಗಿಸಲು ಹೋಗಿ ಅಡ್ಡಡ್ಡ ಸಿಕ್ಕಿಕೊಳ್ಳುತ್ತಾನೆ. ಒಂದಿಷ್ಟು ಮುಂದೆ, ಗೋಡೆ. ಒಂದಿಷ್ಟು ಹಿಂದೆ, ಗೋಡೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಊರೊಳಗೆ ಸಿಕ್ಕಿಕೊಂಡು ರಿವರ್ಸ್ ತೆಗೆಯುವುದನ್ನು ನೋಡಿದ ನಮ್ಮ ಕಡೆಯವರಿಗೆ ಅದನ್ನು ಯಾರೂ ವಿವರಿಸಬೇಕಿಲ್ಲ. ಆ ನಟ ಅಲ್ಲಿ ನಗುವುದಿಲ್ಲ, ಗೂಢಚಾರನ ಗತ್ತು ಬಿಡುವುದಿಲ್ಲ. ಅವನು ಬೆವರಿದಷ್ಟೂ ನಾವು ನಗುತ್ತೇವೆ. ಅದಕ್ಕೇ ಆ ದೃಶ್ಯ ನಿಲ್ಲುತ್ತದೆ.

ಅಣಕದಿಂದ ಬಾಂಡ್ ಹಾಳಾಗಲೂ ಇಲ್ಲ. ಮೊದಲ ಸಿನಿಮಾ ಡಾಕ್ಟರ್ ನೋ ಬಂದಿದ್ದು 1962ರಲ್ಲಿ. 1965ಕ್ಕೇ ಅಮೆರಿಕದ ಟೀವಿಯಲ್ಲಿ ‘ಗೆಟ್ ಸ್ಮಾರ್ಟ್’ ಎಂಬ ಅಣಕು ಧಾರಾವಾಹಿ ಶುರುವಾಗಿ, ನಾಯಕ ಬೂಟನ್ನೇ ಕಿವಿಗಿಟ್ಟುಕೊಂಡು ಫೋನ್ ಮಾಡುತ್ತಿದ್ದ. ಬಾಂಡ್ ಆಮೇಲೂ ನಡೆದ. ಮುಂದೆ ಬಾಂಡ್ ಆದ ಡೇನಿಯಲ್ ಕ್ರೇಗ್ ಅಂತೂ ಹೇಳಿಯೇ ಬಿಟ್ಟರು, ಆಸ್ಟಿನ್ ಪವರ್ಸ್ ಬಂದ ಮೇಲೆ ಹಳೆಯ ಚಮಕುಗಳನ್ನು ಮಾಡಲು ಆಗಲಿಲ್ಲ, ಬೇರೆ ದಾರಿ ಹಿಡಿಯಬೇಕಾಯಿತು ಅಂತ. ಅವರ 2006ರ ಬಾಂಡ್ ಸಿನಿಮಾ ಕಸಿನೊ ರಾಯಲ್ ಅಷ್ಟು ಗಂಭೀರವಾಗಿ, ಅಷ್ಟು ಚೆನ್ನಾಗಿ ಬಂದಿದ್ದರಲ್ಲಿ ಈ ಅಣಕದ ಪಾಲೂ ಇದೆ ಎಂದೇ ನನ್ನ ನಂಬಿಕೆ.

ಈಗ ಅಣ್ಣಾವ್ರ ವಿಷಯ. ಇಲ್ಲಿ ನಾನು ಪೂರ್ತಿ ನಿಮ್ಮ ಕಡೆ.

ನಿರ್ದೇಶಕ ಜೋಡಿ ದೊರೈ-ಭಗವಾನ್ ಅಣ್ಣಾವ್ರನ್ನು ಸಿಐಡಿ 999 ಅನ್ನುವ ಗೂಢಚಾರನನ್ನಾಗಿಸಿ ‘ಜೇಡರ ಬಲೆ’ ಮಾಡಿದ್ದು 1968ರಲ್ಲಿ. ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು, 1969ರಲ್ಲಿ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, ಆಮೇಲೆ ಒಂಬತ್ತು ವರ್ಷ ಬಿಟ್ಟು 1978ರಲ್ಲಿ ‘ಆಪರೇಷನ್ ಡೈಮಂಡ್ ರಾಕೆಟ್’. ಕಣ್ಣಪ್ಪನಾಗಿ, ರಾಜನಾಗಿ, ಸಂತನಾಗಿ ನೋಡಿದ್ದ ಮನುಷ್ಯನನ್ನು ಜನ ಸೂಟಿನಲ್ಲಿ, ಕೈಯಲ್ಲಿ ಪಿಸ್ತೂಲಿನ ಜೊತೆ ನೋಡಿದರು. ಇಂಗ್ಲಿಷ್ ಸಿನಿಮಾ ಕಾಣದ ಹಳ್ಳಿಗೆ ಬಾಂಡ್ ಬಂದಿದ್ದು ಅಣ್ಣಾವ್ರ ಮುಖದಲ್ಲಿ. ಇನ್ನು ಆ ಇಂಗ್ಲಿಷ್ ಹಾಡು. 1974ರ ‘ಸಂಪತ್ತಿಗೆ ಸವಾಲ್’ನಿಂದ ಈಚೆಗೆ ಅವರ ದನಿಯಲ್ಲಿ ಹಾಡು ಕೇಳುವುದು ನಮಗೆ ರೂಢಿಯಾಗಿತ್ತು. ಶಾಲೆಯನ್ನು ಚಿಕ್ಕಂದಿನಲ್ಲೇ ಬಿಟ್ಟ ಗಾಜನೂರಿನ ಹುಡುಗ, ಬಣ್ಣದ ಬದುಕಿನಲ್ಲೇ ಎಲ್ಲ ಕಲಿತವನು, ಇಂಗ್ಲಿಷಿನಲ್ಲಿ ಒಂದು ಇಡೀ ಹಾಡನ್ನು ಒಂಚೂರೂ ಅಳುಕಿಲ್ಲದೆ ಹಾಡಿದ್ದಾರೆ. ಆ ಧೈರ್ಯ ಕಂಡರೆ ನನಗೆ ಈಗಲೂ ಎದೆ ತುಂಬುತ್ತದೆ.

ಫೋನಿನಲ್ಲಿ ಮೂವತ್ತು ಸೆಕೆಂಡು ಕತ್ತರಿಸಿ ನಗುವ ಹುಡುಗರು ಆ ಸಿನಿಮಾ ನೋಡಿಲ್ಲ. ಅಲ್ಲಿ ಅಣಕವೇ ಇಲ್ಲ, ಗೊತ್ತಿಲ್ಲದ್ದನ್ನು ಕಂಡು ಬರುವ ನಗು ಅದು. ಅಣಕ ಅಂದರೆ ಏನು ಅಂತ ನಮ್ಮ ಮೈಸೂರಿನವರಿಗೆ ಚೆನ್ನಾಗಿ ಗೊತ್ತಿತ್ತು. ಮಹಾರಾಜಾ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ನಾ. ಕಸ್ತೂರಿಯವರು ‘ಕೊರವಂಜಿ’ ಎಂಬ ಹಾಸ್ಯ ಪತ್ರಿಕೆಗೆ ಬರೆದದ್ದನ್ನು ನೋಡಿ, ಆರ್.ಕೆ. ಲಕ್ಷ್ಮಣ್ ಅದಕ್ಕೆ ಬರೆದ ಚಿತ್ರಗಳನ್ನು ನೋಡಿ. ಎದುರಿಗಿದ್ದುದನ್ನು ಪೂರ್ತಿ ತಿಳಿದುಕೊಂಡೇ ತಮಾಷೆ ಮಾಡುತ್ತಿದ್ದರು.

ಹಾಗಂತ ಮೊಮ್ಮಗನ ಮೇಲೆ ಬೇಜಾರು ಮಾಡಿಕೊಳ್ಳಬೇಡಿ. ಅವನು ನಿಮ್ಮನ್ನೇ ಕೇಳಿದ್ದಾನೆ, ‘ಅಲ್ವಾ’ ಅಂತ ಪ್ರಶ್ನೆ ಹಾಕಿ. ‘ಜೇಡರ ಬಲೆ’ಯನ್ನು ಅವನ ಪಕ್ಕ ಕೂತು ಪೂರ್ತಿ ನೋಡಿ. ಟೆಂಟಿನಲ್ಲಿ ಎಲ್ಲಿ ವಿಷಲ್ ಬೀಳುತ್ತಿತ್ತು, ಎಲ್ಲಿ ಜನ ಉಸಿರು ಬಿಗಿಹಿಡಿಯುತ್ತಿದ್ದರು ಅಂತ ನೀವೇ ಹೇಳಿ. ಕೆಲವು ಕಡೆ ಅವನು ನಗುತ್ತಾನೆ, ನಗಲಿ. ಬಹುಶಃ ನಿಮಗೂ ನಗು ಬರುತ್ತದೆ. ಮಾರನೇ ದಿನ ಅವನು ಅಣ್ಣಾವ್ರ ಹಾಗೆ ಕೋಟಿನ ಗುಂಡಿ ಹಾಕಿಕೊಂಡು ನಡೆದು ತೋರಿಸಿದರೆ ನನಗೊಂದು ಸಾಲು ಬರೆಯಿರಿ.

ಕೊನೆಗೆ, ‘ಗೋವಾದಲ್ಲಿ ಸಿಐಡಿ 999’ರ ಹಾಡಿನ ಪುಸ್ತಕ ಇನ್ನೂ ನಿಮ್ಮ ಟ್ರಂಕಿನಲ್ಲಿದೆ, ಬೇಕಾದರೆ ಕಳಿಸುತ್ತೇನೆ ಎಂದು ಬರೆದಿದ್ದೀರಿ. ದಯವಿಟ್ಟು ಅಂಚೆಗೆ ಹಾಕಬೇಡಿ, ಕಳೆದುಹೋದರೆ ಮತ್ತೆ ಸಿಗುವುದಲ್ಲ. ಮುಂದಿನ ತಿಂಗಳು ಬೆಳಗಿನ ರೈಲಿಗೆ ನಾನೇ ಮಂಡ್ಯಕ್ಕೆ ಬರುತ್ತೇನೆ. ನಿಮ್ಮ ಮನೆಯಲ್ಲೇ ಕೂತು ನೋಡಿ, ಒಂದು ಫೋಟೊ ತೆಗೆದುಕೊಂಡು ಹೋಗುತ್ತೇನೆ. ಮೊಮ್ಮಗನೂ ಮನೆಯಲ್ಲಿರುವ ಭಾನುವಾರ ಯಾವುದು ಅಂತ ತಿಳಿಸಿ.

ನಿಮ್ಮ,
ಸಂಪಾದಕ
ಮೈಸೂರು